ಕೈಯಲ್ಲಿ ಏನೂ ಹಿಡಿಯದೆ ಕುದುರೆಯ ಹತ್ತಿರ ಹೋಗಿ

ಪ್ರಶ್ನೆ: ಡಾಕ್ಟ್ರೇ, ನಮ್ಮದು ಶಿರಸಿಯಿಂದ ಬನವಾಸಿ ಕಡೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಅಡಿಕೆ ತೋಟ, ನಾಲ್ಕು ಆಕಳು ಇವೆ. ಎಂಟು ತಿಂಗಳ ಹಿಂದೆ ಹುಬ್ಬಳ್ಳಿ ಕಡೆಯಿಂದ ಒಂದು ಹೆಣ್ಣು ಕುದುರೆ ತಂದೆ. ಮದುವೆ ಮೆರವಣಿಗೆಯಲ್ಲಿ ದುಡಿದದ್ದು, ಒಂಬತ್ತು ವರ್ಷ ಇರಬಹುದು. ಗೌರಿ ಅಂತ ಕರೆಯುತ್ತೇವೆ. ಹುಲ್ಲು, ಹುರುಳಿ ಯಾವುದಕ್ಕೂ ಕಡಿಮೆ ಮಾಡಿಲ್ಲ. ಬೆಲ್ಲ ಕೊಟ್ಟರೆ ತಿಂದು ತಿರುಗಿ ಹೋಗುತ್ತದೆ. ಹಗ್ಗ ಹಿಡಿದು ಹೋದರಂತೂ ಬ್ಯಾಣದ (ಮೇಯುವ ಹುಲ್ಲುಗಾವಲಿನ) ಆ ಮೂಲೆ ಸೇರುತ್ತದೆ. ಹಿಡಿದ ಮೇಲೆ ಕಲ್ಲಿನ ಹಾಗೆ ನಿಲ್ಲುತ್ತದೆ, ಏನು ಮಾಡಿದರೂ ಅಲುಗುವುದಿಲ್ಲ. ನಮ್ಮ ಆಕಳುಗಳು ನನ್ನ ದನಿ ಕೇಳಿದರೆ ಸಾಕು, ಕೂಗುತ್ತವೆ. ಇದಕ್ಕೆ ನಾನು ಯಾರೋ ಏನೋ. ಸುಮ್ಮನೆ ಅದರ ಜೊತೆ ಕೂತರೆ ಬಳಕೆಯಾಗುತ್ತದೆ ಎಂದು ಒಬ್ಬರು ಹೇಳಿದರು. ನಿಜವೇ? ಹೇಗೆ ಕೂರಬೇಕು?
– ಓದುಗರು, ಶಿರಸಿ ತಾಲೂಕು

ಉತ್ತರ: ನಿಜ. ಆದರೆ ಕೂರುವ ಮೊದಲು ಗೌರಿಯ ಬಾಯಿಯ ಎರಡೂ ಮೂಲೆ ನೋಡಿ. ಅಲ್ಲಿ ಬಿಳಿ ಗೆರೆಯಂತೆ ಗಟ್ಟಿಯಾದ ಹಳೆಯ ಗಾಯದ ಗುರುತು ಇದೆಯೇ? ಮೆರವಣಿಗೆಯ ಕುದುರೆಗಳಿಗೆ ಮುಳ್ಳಿನ ಕಡಿವಾಣ ಹಾಕುವುದನ್ನು ನಾನು ಕಂಡಿದ್ದೇನೆ. ಪ್ರಾಣಿಹಿಂಸೆ ತಡೆಯುವ 1965ರ ಕೇಂದ್ರ ನಿಯಮಗಳಲ್ಲೇ ಅದಕ್ಕೆ ನಿಷೇಧವಿದೆ, ಆದರೂ ನಿಂತಿಲ್ಲ. ಬೆನ್ನಿನ ಮೇಲೆ ಜೀನು ಕೂರುವ ಜಾಗವನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿ, ಚರ್ಮ ಅದುರಿದರೆ ಅಲ್ಲಿ ನೋವಿರಬಹುದು. ಹಲ್ಲು ಚೂಪಾಗಿ ಕೆನ್ನೆ ಕೊಯ್ಯುತ್ತಿರಬಹುದು, ಗೊರಸಿನ ಅಡಿ ಮಳೆಗಾಲದಲ್ಲಿ ಕೊಳೆತು ನಾರುತ್ತಿರಬಹುದು. ಇವನ್ನೆಲ್ಲ ಪಶುವೈದ್ಯರಿಗೆ ಒಮ್ಮೆ ತೋರಿಸಿಬಿಡಿ. ನೋವಿರುವ ಕುದುರೆ ಮನುಷ್ಯರನ್ನು ದೂರ ಇಡುತ್ತದೆ, ನಾವು ಅದಕ್ಕೆ ಹಟಮಾರಿ ಎಂಬ ಹೆಸರಿಡುತ್ತೇವೆ.

ಇನ್ನು ‘ಕಲ್ಲಿನ ಹಾಗೆ ನಿಲ್ಲುತ್ತದೆ’ ಎಂದು ಬರೆದಿದ್ದೀರಲ್ಲ, ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆ ಮಾತು. ಅದು ಸಾಧುತನವಲ್ಲ. ಬ್ಯಾಂಡ್‌ಸೆಟ್ಟು, ಪಟಾಕಿ, ಕಣ್ಣಿಗೆ ಹೊಡೆಯುವ ದೀಪಗಳ ನಡುವೆ ಓಡಿ ಹೋಗಲಾರದ ಪ್ರಾಣಿ ಕೊನೆಗೆ ಕಲಿಯುವುದು ಅದನ್ನೇ: ಏನು ಮಾಡಿದರೂ ಪ್ರಯೋಜನವಿಲ್ಲ, ನಿಂತುಬಿಡು. ಆದರೆ ಹಗ್ಗ ಕಂಡೊಡನೆ ಬ್ಯಾಣದ ಮೂಲೆಗೆ ಹೋಗುತ್ತದೆ ಎಂದರೆ ಗೌರಿ ‘ಬೇಡ’ ಎನ್ನುವುದನ್ನು ಇನ್ನೂ ಮರೆತಿಲ್ಲ. ನನಗೆ ಅದು ಒಳ್ಳೆಯ ಸುದ್ದಿ. ಬೇಡ ಎನ್ನಬಲ್ಲ ಕುದುರೆ ಮಾತ್ರ ಒಂದು ದಿನ ತಾನಾಗಿ ಬಂದೀತು.

ನಮ್ಮ ಜಿಲ್ಲೆಗೆ ಕುದುರೆ ಹೊಸದಲ್ಲ. ವಿಜಯನಗರದ ಕಾಲದಲ್ಲಿ ಅರಬ್ಬೀ ಕುದುರೆಗಳು ಭಟ್ಕಳ, ಹೊನ್ನಾವರದ ಬಂದರುಗಳಲ್ಲಿ ಇಳಿದು ಘಟ್ಟ ಹತ್ತುತ್ತಿದ್ದವು. ಅವು ಹಾದು ಹೋದವು, ನಮ್ಮ ಮನೆಗಳಲ್ಲಿ ಉಳಿದದ್ದು ಆಕಳು. ಹಾಗಾಗಿ ನಮ್ಮ ಕೈಗೆ ಹತ್ತಿರುವ ಅಭ್ಯಾಸವೆಲ್ಲ ಆಕಳಿನದು. ನೇರ ಎದುರಿಗೆ ಹೋಗಿ ಹಣೆ ಮುಟ್ಟುತ್ತೇವೆ, ಪ್ರೀತಿ ಬಂದರೆ ಬೆನ್ನಿಗೆ ಎರಡು ತಟ್ಟುತ್ತೇವೆ. ಕುದುರೆಯ ಕಣ್ಣು ತಲೆಯ ಎರಡು ಪಕ್ಕದಲ್ಲಿದೆ. ಸುತ್ತಲೂ ಹೆಚ್ಚುಕಡಿಮೆ 350 ಡಿಗ್ರಿ ಕಾಣುತ್ತದೆ, ಕಾಣದಿರುವುದು ಬಾಲದ ನೇರ ಹಿಂದೆ ಮತ್ತು ಹಣೆಯ ನೇರ ಮುಂದೆ. ನೀವು ಅಕ್ಕರೆಯಿಂದ ಹಣೆಗೆ ಚಾಚಿದ ಕೈ ಗೌರಿಯ ಪಾಲಿಗೆ ಇದ್ದಕ್ಕಿದ್ದಂತೆ ಮಾಯವಾಗುವ ಕೈ.

ಆಕಳಿನ ಗಂಗೆದೊಗಲು ಕೆರೆದರೆ ಕತ್ತು ಚಾಚಿ ಕಣ್ಣು ಮುಚ್ಚುತ್ತದಲ್ಲ, ಕುದುರೆಗೂ ಅಂಥ ಒಂದು ಜಾಗವಿದೆ. ಜೂಲು ಮುಗಿದು ಬೆನ್ನು ಶುರುವಾಗುವಲ್ಲಿ ಒಂದು ಉಬ್ಬು ಕಾಣುತ್ತದೆ, ಅದರ ಅಕ್ಕಪಕ್ಕ. ಎರಡು ಕುದುರೆಗಳು ಸ್ನೇಹದಿಂದ ಹಲ್ಲಿನಲ್ಲಿ ಪರಸ್ಪರ ಕೆರೆದುಕೊಳ್ಳುವುದು ಅಲ್ಲೇ. ಫ್ರಾನ್ಸಿನ ಕಮಾರ್ಗ್ ಕುದುರೆಗಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮನುಷ್ಯರು ಅಲ್ಲಿ ಕೆರೆದಾಗಲೂ ಕುದುರೆಯ ಎದೆಬಡಿತ ಇಳಿದದ್ದು ದಾಖಲಾಗಿದೆ. ತಟ್ಟಬೇಡಿ, ಕೆರೆಯಿರಿ.

ಈಗ ಕೂರುವ ವಿಷಯ. ಹೊಟ್ಟೆ ತುಂಬಿರುವ ಹೊತ್ತು ನೋಡಿ ಹೋಗಿ, ಮುಂದೆ ಹುಲ್ಲು ಇರಲಿ. ಹಸಿಸಿದರೆ ಹತ್ತಿರ ಬಂದೀತು ಎಂಬ ಲೆಕ್ಕ ಖಂಡಿತ ಬೇಡ. ಕುದುರೆಯ ಹೊಟ್ಟೆಯಲ್ಲಿ ಆಮ್ಲ ಇಡೀ ದಿನ ಒಸರುತ್ತಲೇ ಇರುತ್ತದೆ, ಹೆಚ್ಚು ಹೊತ್ತು ಖಾಲಿ ಬಿಟ್ಟರೆ ಹುಣ್ಣಾಗುತ್ತದೆ. ಬೆಲ್ಲ, ಹಗ್ಗ, ಮೈ ಉಜ್ಜುವ ಖರಾರ, ಮೊಬೈಲು ಎಲ್ಲ ಮನೆಯಲ್ಲೇ ಬಿಡಿ. ಮೊದಲ ದಿನಗಳಲ್ಲಿ ಬೇಲಿಯ ಬಾಗಿಲಾದ ದಣಪೆಯ ಆಚೆಗೇ ಒಂದು ಸ್ಟೂಲು ಹಾಕಿಕೊಂಡು, ಗೌರಿಗೆ ಪಕ್ಕ ಕೊಟ್ಟು, ತೋಟದ ಕಡೆ ನೋಡುತ್ತ ಇಪ್ಪತ್ತು ನಿಮಿಷ ಕೂತು ಎದ್ದು ಬನ್ನಿ. ಅಷ್ಟೇ. ಅದು ನಿಮ್ಮ ಕಡೆ ತಿರುಗದಿದ್ದರೂ ಕಿವಿಯನ್ನು ಗಮನಿಸಿ. ಮೇಯುತ್ತಲೇ ಒಂದು ಕಿವಿ ನಿಮ್ಮತ್ತ ತಿರುಗಿರುತ್ತದೆ. ಕೆಲವು ದಿನ ಕಳೆದ ಮೇಲೆ ಆ ಕಿವಿ ಪಕ್ಕಕ್ಕೆ ಜೋತು ಬೀಳುತ್ತದೆ, ಕೆಳತುಟಿ ಸಡಿಲವಾಗುತ್ತದೆ, ಹಿಂಗಾಲೊಂದು ಗೊರಸಿನ ತುದಿಯ ಮೇಲೆ ನಿಲ್ಲುತ್ತದೆ. ಬಾಯಲ್ಲಿ ಏನೂ ಇಲ್ಲದೆ ಮೆಲುಕು ಹಾಕಿದ ಹಾಗೆ ಮಾಡಿದರೆ ‘ನನಗೆ ಶರಣಾಯಿತು’ ಎಂದುಕೊಳ್ಳಬೇಡಿ, ಒಳಗಿನ ಬಿಗಿತ ಬಿಡುತ್ತಿದೆ ಅಷ್ಟೇ.

ಹತ್ತಿರ ಬಂದು ಮೂಸಿದ ದಿನ ಎದ್ದು ನಿಲ್ಲಿ, ಕೈ ಮಾತ್ರ ಎತ್ತಬೇಡಿ. ಕುದುರೆ ಬೆಚ್ಚಿದರೆ ಕೂತವರಿಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಮುಂಗೈ ಮೂಸಲಿ. ಆಮೇಲೊಂದು ದಿನ ಆ ಉಬ್ಬಿನ ಬಳಿ ಮೂರು ನಾಲ್ಕು ಸೆಕೆಂಡು ಕೆರೆದು ನಿಲ್ಲಿಸಿ. ಇನ್ನೂ ಬೇಕೆನಿಸಿದರೆ ನಿಮ್ಮ ಕಡೆ ವಾಲುತ್ತದೆ, ಮೇಲ್ತುಟಿ ಉದ್ದ ಮಾಡುತ್ತದೆ. ಬೇಡವಾದರೆ ಹೋಗಲಿ, ಹಿಂದೆ ಹೋಗಬೇಡಿ.

ಹಗ್ಗದ ಭಯಕ್ಕೂ ಮದ್ದು ಇದರಲ್ಲೇ ಇದೆ. ಗೌರಿ ಹೀಗೆ ಹತ್ತಿರ ಬರತೊಡಗಿದ ಮೇಲೆ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಹೋಗಿ, ಎಂದಿನಂತೆ ಕೂತು, ಕಟ್ಟದೆ ವಾಪಸು ಬನ್ನಿ. ಹತ್ತು ಸಲ ಹಗ್ಗ ಬಂದು ಹತ್ತು ಸಲವೂ ಏನೂ ಆಗದೆ ಹೋದರೆ ಹಗ್ಗ ಬರೀ ಹಗ್ಗವಾಗುತ್ತದೆ. ಎಷ್ಟು ದಿನ ಎಂದು ಕೇಳಬೇಡಿ, ಮೂರು ವಾರವಾಗಬಹುದು, ಮಳೆಗಾಲವೊಂದು ಪೂರ್ತಿ ಕಳೆಯಬಹುದು. ಮಳೆಯ ದಿನ ಕೊಟ್ಟಿಗೆಯ ಬಾಗಿಲಲ್ಲಿ ಕೂರಿ. ಪ್ಲಾಸ್ಟಿಕ್ ಕೊಪ್ಪೆ ಸರಸರ ಎನ್ನುತ್ತದೆ, ಕಂಬಳಿ ಕೊಪ್ಪೆಯಾದರೆ ಒಳ್ಳೆಯದು. ತಗಡಿನ ಮೇಲೆ ಮಳೆ ಜೋರಾಗಿ ಸುರಿಯುವಾಗ ಕುದುರೆಗೆ ಬೇರೆ ಸದ್ದು ಕೇಳುವುದಿಲ್ಲ, ಸ್ವಲ್ಪ ಕಳವಳಪಡುತ್ತದೆ. ಅಂಥ ಹೊತ್ತು ಮುಟ್ಟದೆ ಸುಮ್ಮನಿರಿ.

ಇದನ್ನು ನನಗೆ ಕಲಿಸಿದ್ದು ಕಾಲೇಜಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕುಮಟಾ ಕಡೆಯ ಒಂದು ಮನೆಯಲ್ಲಿ ಬಿಳಿ ಕುದುರೆಯೊಂದಿತ್ತು. ನಾನು ಹೋದಾಗಲೆಲ್ಲ ಸೂಜಿ ಹಿಡಿದೇ ಹೋದವನು, ಗೇಟಿನ ಹತ್ತಿರ ನನ್ನ ಬೈಕು ನಿಂತರೆ ಸಾಕು, ಅದು ಬೆವರುತ್ತಿತ್ತು. ಒಮ್ಮೆ ತಂತಿಬೇಲಿಗೆ ಎದೆ ಹರಿದುಕೊಂಡಿತು. ನಾಲ್ಕು ಜನ ಹಿಡಿದರೂ ಮರಗಟ್ಟಿಸುವ ಇಂಜೆಕ್ಷನ್ ಕೊಡಲಾಗಲಿಲ್ಲ. ಆ ಮನೆಯ ಅಜ್ಜಿ ಮಧ್ಯಾಹ್ನವೆಲ್ಲ ಲಾಯದ ನೆರಳಲ್ಲಿ ಕೂತು ತೆಂಗಿನ ಗರಿಯ ಕಡ್ಡಿ ಹೆರೆಯುವವರು. ಕುದುರೆ ಹತ್ತಿದವರಲ್ಲ, ಮೇವು ಹಾಕಿದವರೂ ಅಲ್ಲ. ‘ಎಲ್ಲ ಆಚೆ ಹೋಗಿ’ ಎಂದು ತಮ್ಮ ಜಾಗದಲ್ಲಿ ಕೂತು ಕತ್ತಿ ತೆಗೆದುಕೊಂಡರು. ಸರ್ರ್, ಸರ್ರ್ ಎಂದು ಕಡ್ಡಿ ಹೆರೆಯುವ ಸದ್ದು. ಸ್ವಲ್ಪ ಹೊತ್ತಿಗೆ ಕುದುರೆ ಅವರ ಬಳಿ ಬಂದು, ತಲೆ ತಗ್ಗಿಸಿ, ಅವರ ಸೆರಗಿನ ಮೇಲೆ ಉಸಿರು ಬಿಡುತ್ತ ನಿಂತಿತು. ಒಂಬತ್ತು ಹೊಲಿಗೆ ಹಾಕಿದೆ. ಅಜ್ಜಿ ಒಮ್ಮೆಯೂ ಕೈ ನಿಲ್ಲಿಸಲಿಲ್ಲ.

ಒಂದು ಮಾತು ಹೇಳದೆ ಇರಲಾರೆ. ಗೌರಿ ಒಂಟಿಯಾಗಿದೆ. ಕುದುರೆ ನಿಂತೇ ತೂಕಡಿಸಬಲ್ಲದು, ಆದರೆ ಗಾಢ ನಿದ್ದೆಗೆ ಮಲಗಲೇಬೇಕು. ಕಾವಲಿಗೆ ಜೊತೆಯಿಲ್ಲ ಎನಿಸಿದರೆ ಮಲಗಲು ಹೆದರುತ್ತದೆ. ನಿಮ್ಮ ಇಪ್ಪತ್ತು ನಿಮಿಷ ಅದನ್ನು ತುಂಬಲಾರದು. ಇನ್ನೊಂದು ಕುದುರೆ ಆಗದಿದ್ದರೆ ಸಾಧುವಾದ ಒಂದು ಆಕಳನ್ನಾದರೂ ಕಣ್ಣಿಗೆ ಕಾಣುವ ಹಾಗೆ ಕಟ್ಟಿ, ಮಲಗಲು ದರಕು (ಒಣಗಿದ ಎಲೆ) ದಪ್ಪಗೆ ಹಾಸಿ. ಧೂಳು, ಬೂಸ್ಟು ಇರದ ದರಕಾಗಿರಲಿ.

ಪ್ರಶ್ನೆ: ಕಾರವಾರದ ಕಡಲತೀರದಲ್ಲಿ ಪ್ರವಾಸಿಗರನ್ನು ಕುದುರೆ ಮೇಲೆ ಕೂರಿಸಿ ಹೊಟ್ಟೆ ಹೊರೆಯುವವನು ನಾನು. ನಮಗೆ ಸುಮ್ಮನೆ ಕೂರುವ ಹೊತ್ತೆಲ್ಲಿದೆ ಸರ್?
– ಓದುಗರು, ಕಾರವಾರ

ಉತ್ತರ: ಬೆಳಿಗ್ಗೆ ಜನ ಬರುವ ಮೊದಲು ಹದಿನೈದು ನಿಮಿಷ ಇದೆಯಲ್ಲ, ಅದು ಸಾಕು. ಜೀನು, ಕಡಿವಾಣ ಹಾಕದೆ, ಉದ್ದ ಹಗ್ಗದಲ್ಲಿ ಅದು ಹೋದ ಕಡೆ ನೀವೂ ಹೋಗಿ. ಅಲೆ ನೋಡುತ್ತ ನಿಂತರೆ ನೀವೂ ನಿಲ್ಲಿ. ದಿನವಿಡೀ ನೀವು ಹೇಳಿದ ಕಡೆ ಅದು ನಡೆಯುತ್ತದೆ, ಆ ಹದಿನೈದು ನಿಮಿಷ ಅದರದ್ದಾಗಲಿ.

ಮೇವನ್ನು ಮಾತ್ರ ಮರಳ ಮೇಲೆ ಹಾಕಬೇಡಿ. ಹುಲ್ಲಿನ ಜೊತೆ ಹೋದ ಮರಳು ಕರುಳಲ್ಲಿ ಕೂತು ಹೊಟ್ಟೆನೋವು ತರುತ್ತದೆ. ಲದ್ದಿಯ ಎರಡು ಉಂಡೆಯನ್ನು, ನೆಲಕ್ಕೆ ತಾಗದ ಮೇಲಿನ ಭಾಗದಿಂದ ತೆಗೆದು, ಗಾಜಿನ ಬಾಟಲಿಯ ನೀರಲ್ಲಿ ಕದಡಿ ಇಡಿ. ತಳದಲ್ಲಿ ಮರಳು ಕೂತರೆ, ಅಥವಾ ಕುದುರೆ ಮೇವು ಬಿಟ್ಟು ಹೊಟ್ಟೆ ತಿರುಗಿ ನೋಡುತ್ತ ಕಾಲು ಕೆರೆದರೆ, ಅವತ್ತಿನ ಸವಾರಿ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ.