ಕೈಕಸುಬಿನ ಅಂಕಣ: ಸೀಲೊತ್ತಿ ಮಾಡುವ ಹಬ್ಬದ ಅಲಂಕಾರ, ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ರಬ್ಬರ್ ಸೀಲು ಬಳಸಿ ಉಡುಗೊರೆಯ ಚೀಟಿ ಮಾಡುವುದರ ಕುರಿತು ಅರ್ಧ ಪುಟದ ಟಿಪ್ಪಣಿ ಬರೆದಿದ್ದೆ. ಕ್ರಿಸ್ಮಸ್ ಹತ್ತಿರ ಬಂದಿರುವುದರಿಂದಲೋ ಏನೋ, ಅದಕ್ಕೆ ಬಂದ ಪತ್ರಗಳು ಟಿಪ್ಪಣಿಗಿಂತ ಹತ್ತು ಪಟ್ಟು ಉದ್ದವಾಗಿವೆ. ಅವುಗಳನ್ನು ಓದುತ್ತಾ ಹೋದಂತೆ ಒಂದು ಮಾತು ಸ್ಪಷ್ಟವಾಯಿತು: ಹೆಚ್ಚಿನವರು ತಪ್ಪನ್ನು ಸೀಲಿನ ಮೇಲೆ ಹೊರಿಸುತ್ತಾರೆ, ಆದರೆ ತಪ್ಪಿರುವುದು ಶಾಯಿಗೂ ಅದು ಬೀಳುವ ಮೇಲ್ಮೈಗೂ ಹೊಂದಿಕೆಯಾಗದಿರುವುದರಲ್ಲಿ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಪ್ರತಿ ವರ್ಷ ನೆರೆಮನೆಗಳಿಗೆ ಕುಸ್ವಾರ್ (ಕ್ರಿಸ್ಮಸ್ಸಿನ ತಿಂಡಿಗಳು) ಹಂಚುವಾಗ ಡಬ್ಬಿಗೊಂದು ಚೀಟಿ ಕಟ್ಟುತ್ತೇವೆ. ಈ ಸಲ ನಕ್ಷತ್ರದ ಸೀಲು ಮಾಡಿಸಿ, ಹೊಳೆಯುವ ಬಿಳಿ ಕಾರ್ಡಿನ ಮೇಲೆ ಕಚೇರಿಯ ಸ್ಟ್ಯಾಂಪ್ ಪ್ಯಾಡಿನಿಂದ ಒತ್ತಿದೆ. ಎರಡು ದಿನವಾದರೂ ಒಣಗಿಲ್ಲ, ಮುಟ್ಟಿದರೆ ಕೈಗೆ ಹತ್ತುತ್ತದೆ. ಸೀಲಿನಲ್ಲಿ ದೋಷವಿದೆಯೇ?
— ಮಂಗಳೂರಿನ ಓದುಗರು

ಉತ್ತರ: ಸೀಲಿನಲ್ಲಿ ದೋಷವಿಲ್ಲ, ಮತ್ತು ಆ ಶಾಯಿ ಎರಡು ದಿನವಲ್ಲ, ಎರಡು ವಾರ ಕಾದರೂ ಸರಿಯಾಗಿ ಒಣಗಲಾರದು. ಕಚೇರಿಯ ಪ್ಯಾಡಿನ ಶಾಯಿ ಮುಚ್ಚಳ ತೆಗೆದಿಟ್ಟರೂ ಬೇಗ ಒಣಗಬಾರದೆಂದು ಅದರಲ್ಲಿ ಗ್ಲಿಸರಿನ್‌ನಂತಹ, ತೇವವನ್ನು ಹಿಡಿದಿಡುವ ವಸ್ತುವನ್ನು ಬೆರೆಸಿರುತ್ತಾರೆ. ಇಂತಹ ಶಾಯಿ ಗಾಳಿಗೆ ಆರಿ ಒಣಗುವುದಕ್ಕಿಂತ ಹೆಚ್ಚಾಗಿ ಕಾಗದವು ಹೀರಿಕೊಳ್ಳುವುದರಿಂದ ಒಣಗುತ್ತದೆ. ರಸೀದಿ ಪುಸ್ತಕದ ಒರಟು ಕಾಗದದ ಮೇಲೆ ಒತ್ತಿದ ಮರುಕ್ಷಣವೇ ಅದು ಇಂಗುವುದು ಇದೇ ಕಾರಣಕ್ಕೆ. ನಿಮ್ಮ ಹೊಳೆಯುವ ಕಾರ್ಡಿಗೆ ಲೇಪನವಿದೆ. ಕೆಸುವಿನೆಲೆಯ ಮೇಲೆ ನೀರು ನಿಂತಂತೆ ಶಾಯಿ ಅಲ್ಲಿ ನಿಂತುಬಿಡುತ್ತದೆ. ನಾನೂ ಒಮ್ಮೆ ಇಂಥದೇ ಕಾರ್ಡಿನ ಮೇಲೆ ನಲವತ್ತು ಚೀಟಿ ಒತ್ತಿ, ಒಂದರ ಮೇಲೊಂದು ಪೇರಿಸಿಟ್ಟು, ಬೆಳಿಗ್ಗೆ ನೋಡಿದರೆ ಪ್ರತಿ ಚೀಟಿಯ ಬೆನ್ನಿಗೂ ಕೆಳಗಿನ ಚೀಟಿಯ ನೇರಳೆ ನಕ್ಷತ್ರ ತಿರುವುಮುರುವಾಗಿ ಅಂಟಿಕೊಂಡಿತ್ತು.

ಇದಕ್ಕೆ ಎರಡು ದಾರಿಗಳಿವೆ. ಮೊದಲನೆಯದು, ಕಾಗದವನ್ನೇ ಬದಲಿಸುವುದು. ಲೇಪನವಿಲ್ಲದ ದಪ್ಪ ಕಾರ್ಡ್, ಕೈಕಾಗದ ಅಥವಾ ಪಾರ್ಸಲ್ ಸುತ್ತುವ ಕಂದು ಕಾಗದ ಆಗುತ್ತದೆ. ಬೆಂಗಳೂರಿನವರಾದರೆ ಅವೆನ್ಯೂ ರಸ್ತೆ, ಸುಲ್ತಾನ್‌ಪೇಟೆಗಳ ಕಾಗದದ ಅಂಗಡಿಗಳಲ್ಲಿ ಲಗ್ನಪತ್ರಿಕೆಗೆಂದು ತರಿಸಿದ ಮ್ಯಾಟ್ ಕಾರ್ಡುಗಳನ್ನು ಕೇಳಿ ನೋಡಬಹುದು. ಕೊಳ್ಳುವ ಮುನ್ನ ಬೆರಳ ತುದಿಯಿಂದ ಒಂದು ಹನಿ ನೀರನ್ನು ಕಾಗದದ ಮೂಲೆಗೆ ಹಚ್ಚಿ ನೋಡಿ: ಹನಿ ಇಂಗಿ ಕಲೆಯಾದರೆ ಆ ಕಾಗದ ನಿಮ್ಮದು, ಗುಂಡಗೆ ನಿಂತರೆ ಬೇರೆಯವರಿಗೆ ಬಿಡಿ. ಎರಡನೆಯದು, ಹೊಳೆಯುವ ಕಾರ್ಡೇ ಬೇಕೆಂಬ ಹಟವಿದ್ದರೆ ಶಾಯಿಯನ್ನು ಬದಲಿಸುವುದು. ಕರಕುಶಲ ಸಾಮಗ್ರಿಯ ಅಂಗಡಿಗಳಲ್ಲಿ ಪ್ಲಾಸ್ಟಿಕ್, ಗಾಜು, ಲೋಹಗಳಿಗೆಂದೇ ದ್ರಾವಕ ಬೆರೆಸಿದ ಶಾಯಿಯ ಪ್ಯಾಡ್ ಸಿಗುತ್ತದೆ. ಅದರಲ್ಲಿರುವ ದ್ರಾವಕ ಆರಿಹೋಗಿ ಬಣ್ಣವಷ್ಟೇ ಉಳಿಯುವುದರಿಂದ ಹೀರದ ಮೇಲ್ಮೈಯಲ್ಲೂ ಅದು ನಿಲ್ಲುತ್ತದೆ. ಬೆಲೆ ಹೆಚ್ಚು, ವಾಸನೆಯೂ ಇರುತ್ತದೆ, ಕಿಟಕಿ ತೆರೆದಿಟ್ಟು ಬಳಸಬೇಕು.

ಈಗಾಗಲೇ ಒತ್ತಿದ ಚೀಟಿಗಳನ್ನು ಎಸೆಯಬೇಕಿಲ್ಲ. ಶಾಯಿ ಇನ್ನೂ ಹಸಿಯಾಗಿರುವುದರಿಂದ ಅದರ ಮೇಲೆ ಎಂಬಾಸಿಂಗ್ ಪುಡಿ ಉದುರಿಸಿ, ಹೆಚ್ಚಾದದ್ದನ್ನು ಕೊಡವಿ, ಹೀಟ್ ಗನ್ನಿನ ಬಿಸಿ ತಾಗಿಸಿದರೆ ಪುಡಿ ಕರಗಿ ಉಬ್ಬಿದ ಗೆರೆಯಾಗುತ್ತದೆ. ಕೂದಲು ಒಣಗಿಸುವ ಯಂತ್ರದಿಂದ ಇದು ಆಗದು, ಅದರ ಬಿಸಿ ಸಾಲದು, ಗಾಳಿ ಮಾತ್ರ ಜೋರಾಗಿ ಪುಡಿಯೆಲ್ಲ ಹಾರಿಹೋಗುತ್ತದೆ.

ಪ್ರಶ್ನೆ: ಹೋದ ವರ್ಷ ಮೈದಾ ಮತ್ತು ಉಪ್ಪಿನ ಹಿಟ್ಟಿನಿಂದ ಕ್ರಿಸ್ಮಸ್ ಮರಕ್ಕೆ ತೂಗುಹಾಕುವ ಬಿಲ್ಲೆಗಳನ್ನು ಮಾಡಿ, ಸೀಲೊತ್ತಿ, ಒಣಗಿಸಿ ಇಟ್ಟಿದ್ದೆವು. ಮಳೆಗಾಲ ಕಳೆದ ಮೇಲೆ ಪೆಟ್ಟಿಗೆ ತೆರೆದರೆ ಎಲ್ಲವೂ ಮೆತ್ತಗಾಗಿ ಅಂಟಿಕೊಂಡಿದ್ದವು. ಬೇರೆ ಉಪಾಯವೇನು?
— ಉಡುಪಿಯ ಓದುಗರು

ಉತ್ತರ: ಕರಾವಳಿಯಲ್ಲಿ ಉಪ್ಪಿನ ಭರಣಿಯೇ ಮಳೆಗಾಲದಲ್ಲಿ ನೀರೊಡೆಯುವಾಗ ಉಪ್ಪು ಬೆರೆತ ಬಿಲ್ಲೆ ಗಟ್ಟಿಯಾಗಿ ಉಳಿಯುವುದು ಹೇಗೆ? ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮೈದಾ ಬಿಲ್ಲೆಯನ್ನು ಬಿಡಲು ಮನಸ್ಸಿಲ್ಲದಿದ್ದರೆ ಅದನ್ನು ಓವನ್ನಿನಲ್ಲಿ ಸುಮಾರು 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎರಡು ಮೂರು ಗಂಟೆ ಇಟ್ಟು ಒಳಗಿನವರೆಗೂ ಒಣಗಿಸಿ, ಆರಿದ ಮೇಲೆ ಎರಡೂ ಮುಖಕ್ಕೆ, ಅಂಚಿಗೆ, ದಾರ ಪೋಣಿಸುವ ತೂತಿನ ಒಳಗೋಡೆಗೆ ಕೂಡ ವಾರ್ನಿಷ್ ಹಚ್ಚಬೇಕು. ತೂತನ್ನು ಮರೆಯುವವರೇ ಹೆಚ್ಚು, ತೇವ ಅಲ್ಲಿಂದಲೇ ಒಳಗೆ ಇಳಿಯುತ್ತದೆ.

ಆದರೆ ನನ್ನ ಆಯ್ಕೆ ಉಪ್ಪಿಲ್ಲದ ಹಿಟ್ಟು. ಎರಡು ಕಪ್ ಅಡುಗೆ ಸೋಡಾ, ಒಂದು ಕಪ್ ಕಾರ್ನ್‌ಫ್ಲೋರ್, ಒಂದೂಕಾಲು ಕಪ್ ನೀರನ್ನು ಗಂಟಿಲ್ಲದಂತೆ ಕಲಸಿ, ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಕೈಬಿಡದೆ ಕೆದಕುತ್ತಿರಿ. ಮೊದಲು ಹಾಲಿನಂತೆ ತೆಳ್ಳಗಿರುವುದು ಐದಾರು ನಿಮಿಷದಲ್ಲಿ ಇದ್ದಕ್ಕಿದ್ದಂತೆ ಗಟ್ಟಿಯಾಗಿ, ಅಕ್ಕಿ ರೊಟ್ಟಿಗೆ ಉಕ್ಕರಿಸಿದ ಹಿಟ್ಟಿನ ಹದಕ್ಕೆ ಬರುತ್ತದೆ. ಆಗಲೇ ಇಳಿಸಬೇಕು, ಇನ್ನೂ ಒಂದು ನಿಮಿಷ ಬಿಟ್ಟರೆ ಬಿಲ್ಲೆಗಳು ಒಣಗುವಾಗ ಬಿರಿಯುತ್ತವೆ. ಒದ್ದೆ ಬಟ್ಟೆ ಮುಚ್ಚಿ ಆರಿಸಿ, ಚೆನ್ನಾಗಿ ನಾದಿ, ಕಾರ್ನ್‌ಫ್ಲೋರ್ ಉದುರಿಸಿದ ಹಲಗೆಯ ಮೇಲೆ ಐದು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿಕೊಳ್ಳಿ. ಈ ಹಿಟ್ಟು ಒಣಗಿದ ಮೇಲೆ ಮೈದಾದಂತೆ ಹಳದಿಯಾಗದೆ ಸುಣ್ಣದ ಗೋಡೆಯಷ್ಟು ಬೆಳ್ಳಗಿರುತ್ತದೆ, ಮೈ ನುಣುಪಾಗಿರುವುದರಿಂದ ಸೀಲಿನ ಸಣ್ಣ ಗೆರೆಯೂ ಎದ್ದು ಕಾಣುತ್ತದೆ.

ಕ್ರಮ ಮುಖ್ಯ: ಮೊದಲು ಸೀಲು, ಆಮೇಲೆ ಕತ್ತರಿಸುವುದು. ಬಿಲ್ಲೆ ಕತ್ತರಿಸಿದ ನಂತರ ಸೀಲೊತ್ತಿದರೆ ಹಿಟ್ಟು ಅಕ್ಕಪಕ್ಕಕ್ಕೆ ಜರುಗಿ ವೃತ್ತ ಮೊಟ್ಟೆಯಾಗುತ್ತದೆ. ಶಾಯಿಯಿಲ್ಲದೆ ಅಚ್ಚು ಮಾತ್ರ ಮೂಡಿಸುವುದಾದರೆ ಸೀಲಿನ ಮುಖಕ್ಕೆ ಕಾರ್ನ್‌ಫ್ಲೋರ್ ತಟ್ಟಿಕೊಂಡು ನೇರವಾಗಿ ಒತ್ತಿ, ಅಲ್ಲಾಡಿಸದೆ ನೇರವಾಗಿ ಎತ್ತಿ. ಸ್ಟೀಲ್ ಲೋಟದ ಬಾಯಿಯಿಂದ ವೃತ್ತ ಕತ್ತರಿಸಿ, ಎಳನೀರು ಕುಡಿಯುವ ಸ್ಟ್ರಾದಿಂದ ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ ತೂತು ಮಾಡಿ. ಬಿಸಿಲಿಗೆ ಇಡಬೇಡಿ: ಮೇಲ್ಭಾಗ ಬೇಗ ಒಣಗಿ, ಕೆಳಭಾಗ ಹಸಿಯಾಗಿ ಉಳಿದು, ಹಪ್ಪಳದಂತೆ ಅಂಚು ಮೇಲೇಳುತ್ತದೆ. ನೆರಳಿನಲ್ಲಿ ಎರಡು ದಿನ, ದಿನಕ್ಕೆರಡು ಸಲ ಮಗುಚಿ ಹಾಕುತ್ತಾ ಒಣಗಿಸಿ. ಶಾಯಿಯ ಚಿತ್ರವೇ ಬೇಕಿದ್ದರೆ ಪೂರ್ತಿ ಒಣಗಿದ ಮೇಲೆ ಒತ್ತುವುದು ಲೇಸು, ಹಸಿ ಹಿಟ್ಟಿನಲ್ಲಿ ನೀರಿನ ಶಾಯಿ ಹರಡಿಕೊಳ್ಳುತ್ತದೆ. ಕೊನೆಗೆ ಇದಕ್ಕೂ ವಾರ್ನಿಷ್ ಹಚ್ಚಿ, ಆದರೆ ಶಾಯಿ ನೀರಿನದಾಗಿದ್ದರೆ ನೀರಿನ ವಾರ್ನಿಷನ್ನು ಕುಂಚದಿಂದ ಎಳೆಯಬೇಡಿ. ಎಳೆದರೆ ನಕ್ಷತ್ರಕ್ಕೆ ಬಾಲ ಬಂದು ಧೂಮಕೇತುವಾಗುತ್ತದೆ.

ಪ್ರಶ್ನೆ: ಮಕ್ಕಳ ಅಳಿಸುವ ರಬ್ಬರಿನ ಮೇಲೆ ‘ಒಲವು’ ಎಂದು ಕೊರೆದು ಒತ್ತಿದರೆ ಅಕ್ಷರಗಳು ತಿರುಗಿ ಬಂದವು. ತಿರುಗಿಸಿ ಬರೆಯಲು ಹೋದರೆ ಕೈ ಕೇಳುವುದಿಲ್ಲ. ಸುಲಭದ ವಿಧಾನವಿದೆಯೇ?
— ಧಾರವಾಡದ ಓದುಗರು

ಉತ್ತರ: ತಿರುಗಿಸಿ ಬರೆಯುವ ಗೋಜೇ ಬೇಡ. ತೆಳುವಾದ ಟ್ರೇಸಿಂಗ್ ಹಾಳೆಯ ಮೇಲೆ ಮೆದು ಪೆನ್ಸಿಲಿನಿಂದ ಅಕ್ಷರಗಳನ್ನು ನೇರವಾಗಿ, ದಪ್ಪಗೆ ಬರೆಯಿರಿ. ಬರೆದ ಮುಖವನ್ನು ರಬ್ಬರಿನ ಮೇಲೆ ಮಗುಚಿಟ್ಟು ಚಮಚದ ಬೆನ್ನಿನಿಂದ ಉಜ್ಜಿದರೆ ಸೀಸ ರಬ್ಬರಿಗೆ ಇಳಿದು ಅಕ್ಷರ ತಾನಾಗಿಯೇ ತಿರುಗಿರುತ್ತದೆ. ಕೊರೆಯುವ ಮುನ್ನ ಒಮ್ಮೆ ನೋಡಿಕೊಳ್ಳಿ: ರಬ್ಬರಿನ ಮೇಲೆ ‘ವ’ಕಾರದ ತಲೆಕಟ್ಟು ಎಡಕ್ಕೆ ಚಾಚಿದ್ದರೆ ಕಾಗದದ ಮೇಲೆ ಬಲಕ್ಕೆ ಬರುತ್ತದೆ.

ಕನ್ನಡದ ಅಕ್ಷರಗಳಲ್ಲಿ ಕೊರೆಯುವವರನ್ನು ಕಾಡುವುದು ದುಂಡು. ಬಾಗಿದ ಗೆರೆಯಲ್ಲಿ ಚಾಕನ್ನು ತಿರುಗಿಸಲು ಹೋದವರ ಗೆರೆಗಳೆಲ್ಲ ಮುರಿದ ಬಳೆಯಂತೆ ಕಾಣುತ್ತವೆ. ಚಾಕು ಹಿಡಿದ ಕೈ ಒಂದೇ ಕಡೆ ಇರಲಿ, ಇನ್ನೊಂದು ಕೈಯಿಂದ ರಬ್ಬರನ್ನು ತಿರುಗಿಸಿ. ಅಕ್ಷರದ ಗೋಡೆ ತಳಕ್ಕೆ ಹೋದಂತೆ ಅಗಲವಾಗಬೇಕು, ಅಂದರೆ ಚಾಕು ಅಕ್ಷರದಿಂದ ಆಚೆಗೆ ಓರೆಯಾಗಿರಬೇಕು. ಒಳಮುಖವಾಗಿ ಕೊರೆದರೆ ಬುಡ ಟೊಳ್ಳಾಗಿ, ಒತ್ತಿದಾಗ ಅಕ್ಷರ ವಾಲುತ್ತದೆ. ಎರಡು ಮಿಲಿಮೀಟರ್ ಆಳ ಸಾಕು. ಒತ್ತಕ್ಷರ ತುಂಬಿದ ‘ಕ್ರಿಸ್ತ ಜಯಂತಿಯ ಶುಭಾಶಯಗಳು’ ಎಂಬುದನ್ನೆಲ್ಲ ರಬ್ಬರಿನಲ್ಲಿ ಕೊರೆಯುವ ಸಾಹಸ ಬೇಡ. ಅದನ್ನು ಸೀಲಿನ ಅಂಗಡಿಗೆ ಕೊಡಿ. ಕೊಡುವಾಗ ಮಾತ್ರ, ಶಾಯಿ ಒಳಗೇ ತುಂಬಿರುವ ಸೀಲು ಬೇಡ, ಪ್ಯಾಡಿಗೆ ಅದ್ದುವ, ಮರದ ಹಿಡಿಯ ಹಳೆಯ ಬಗೆಯದು ಬೇಕೆಂದು ಒತ್ತಿ ಹೇಳಿ. ಶಾಯಿ ತುಂಬಿದ್ದರಲ್ಲಿ ಬಣ್ಣ ಬದಲಿಸಲಾಗದು, ಹಿಟ್ಟಿನ ಮೇಲೆ ಒತ್ತಲೂ ಆಗದು.

ಪ್ರಶ್ನೆ: ಅಜ್ಜನ ಜವಳಿ ಅಂಗಡಿಯ ಹಳೆಯ ರಬ್ಬರ್ ಸೀಲು ಸಿಕ್ಕಿದೆ. ಮನೆಯವರಿಗೆಲ್ಲ ಅದನ್ನು ಒತ್ತಿದ ಪುಟ್ಟ ಉಡುಗೊರೆ ಕೊಡುವ ಆಸೆ. ಆದರೆ ರಬ್ಬರು ಕಲ್ಲಿನಂತಾಗಿದೆ, ಅರ್ಧ ಅಕ್ಷರ ಮೂಡುವುದಿಲ್ಲ. ಸೀಮೆಎಣ್ಣೆಯಲ್ಲಿ ನೆನೆಸಿದರೆ ಮೆತ್ತಗಾಗುವುದೇ?
— ಶಿವಮೊಗ್ಗದ ಓದುಗರು

ಉತ್ತರ: ದಯವಿಟ್ಟು ನೆನೆಸಬೇಡಿ. ಸೀಮೆಎಣ್ಣೆ ಸೋಕಿದರೆ ರಬ್ಬರು ಉಬ್ಬುತ್ತದೆ, ಅಕ್ಷರಗಳು ವಿಕಾರವಾಗುತ್ತವೆ, ಮರದ ಹಿಡಿಯ ಅಂಟೂ ಬಿಡುತ್ತದೆ. ಹಸಿ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಚಳಿ ಬಿಸಿಲಿಗೆ ಜಗ್ಗದಂತಾಗುತ್ತದೆ ಎಂಬುದನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ ಮೇಲೆಯೇ ರಬ್ಬರ್ ಸೀಲು ಸಾಧ್ಯವಾದದ್ದು. ಆರಂಭದ ಸೀಲುಗಳನ್ನು ಹಲ್ಲಿನ ವೈದ್ಯರು ಕೃತಕ ದಂತಪಂಕ್ತಿಗೆ ರಬ್ಬರು ಕಾಯಿಸುತ್ತಿದ್ದ ಪುಟ್ಟ ಯಂತ್ರಗಳಲ್ಲೇ ತಯಾರಿಸಿದ್ದುಂಟು. ಹೀಗೆ ಕಾಯಿಸಿದ ರಬ್ಬರೂ ದಶಕಗಳ ಕಾಲ ಗಾಳಿ, ಬೆಳಕು ತಾಗಿದರೆ ಗಡುಸಾಗುತ್ತದೆ, ಆ ಗಡಸನ್ನು ಹಿಂದಕ್ಕೆ ತರುವ ಮದ್ದಿಲ್ಲ.

ಆದರೂ ಕೈಚೆಲ್ಲಬೇಡಿ. ಮೆದುವಾದ ಹಲ್ಲುಜ್ಜುವ ಬ್ರಷ್ಷಿಗೆ ಸೋಪಿನ ನೀರು ಮುಟ್ಟಿಸಿ ಅಕ್ಷರಗಳ ಸಂದಿನ ಹಳೆಯ ಶಾಯಿಯನ್ನು ತೆಗೆಯಿರಿ. ಒಣಗಿದ ಮೇಲೆ ಅತಿ ನಯವಾದ ಉಪ್ಪುಕಾಗದವನ್ನು ಮೇಜಿನ ಮೇಲೆ ಹಾಸಿ, ಸೀಲನ್ನು ಒತ್ತಡವಿಲ್ಲದೆ ನಾಲ್ಕೈದು ಸಲ ಅದರ ಮೇಲೆ ಸುತ್ತಾಡಿಸಿದರೆ ಮೇಲಿನ ಹೊಳಪು ಹೋಗಿ ಶಾಯಿ ಹಿಡಿಯುತ್ತದೆ. ಕಾಗದದ ಕೆಳಗೆ ಹಳೆಯ ಪತ್ರಿಕೆಯ ಏಳೆಂಟು ಹಾಳೆ ಹಾಸಿ ಒತ್ತಿ: ರಬ್ಬರಿನಲ್ಲಿ ಇಲ್ಲದ ಮೆತ್ತನೆಯನ್ನು ಹಾಸು ಕೊಡುತ್ತದೆ. ಹತ್ತರಲ್ಲಿ ಒಂದು ಮುದ್ರೆಯಾದರೂ ಚೆನ್ನಾಗಿ ಬಂದೀತು. ಅದನ್ನು ಸ್ಕ್ಯಾನ್ ಮಾಡಿಸಿ, ಅದೇ ಅಳತೆಯ ಹೊಸ ಸೀಲು ಮಾಡಿಸಿ, ಉಡುಗೊರೆಗೆ ಹೊಸದನ್ನು ಬಳಸಿ. ಮೂಡದ ಅರ್ಧ ಅಕ್ಷರವನ್ನು ತಿದ್ದಿಸಲು ಹೋಗಬೇಡಿ ಎಂಬುದು ನನ್ನ ಸ್ವಂತ ಅಭಿಪ್ರಾಯ. ಅಜ್ಜನ ಬಿಲ್ಲುಗಳ ಮೇಲೂ ಅದು ಹಾಗೆಯೇ ಬಿದ್ದಿದ್ದಿರಬಹುದು.

ಪ್ರಶ್ನೆ: ಉಡುಗೊರೆಯ ಲಕೋಟೆಗೆ ಅರಗಿನ ಮುದ್ರೆ ಹಾಕಬೇಕೆಂದಿದ್ದೇನೆ. ಇದೇ ರಬ್ಬರ್ ಸೀಲು ನಡೆಯುವುದೇ?
— ಮೈಸೂರಿನ ಓದುಗರು

ಉತ್ತರ: ನಡೆಯದು. ಬಿಸಿ ಅರಗು ರಬ್ಬರಿಗೆ ಅಂಟಿಕೊಳ್ಳುತ್ತದೆ. ಹಿತ್ತಾಳೆಯ ಮುದ್ರೆಯೇ ಬೇಕು, ಅದನ್ನು ಒಂದು ನಿಮಿಷ ಮಂಜುಗಡ್ಡೆಯ ಮೇಲಿಟ್ಟು, ಒರೆಸಿ ಒತ್ತಿದರೆ ಸಲೀಸಾಗಿ ಬಿಡುತ್ತದೆ. ಅಂದ ಹಾಗೆ, ಮತದಾರರ ಬೆರಳಿಗೆ ಹಚ್ಚುವ ಶಾಯಿಗೆ ಹೆಸರಾದ ನಿಮ್ಮೂರಿನ ಬಣ್ಣದ ಕಾರ್ಖಾನೆ 1937ರಲ್ಲಿ ಆರಂಭವಾದದ್ದು ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿಯೇ.

ಪ್ರಶ್ನೆ: ಬಿಳಿ ಹತ್ತಿಯ ಸಣ್ಣ ಚೀಲಗಳ ಮೇಲೆ ಸೀಲೊತ್ತಿ ಮಗಳ ಶಾಲೆಯ ಶಿಕ್ಷಕಿಯರಿಗೆ ಕೊಟ್ಟೆವು. ಮೊದಲ ಒಗೆತಕ್ಕೇ ಚಿತ್ರ ಹೋಯಿತೆಂದು ತಿಳಿದು ಸಂಕೋಚವಾಗಿದೆ.
— ಬೆಂಗಳೂರಿನ ಓದುಗರು

ಉತ್ತರ: ಎರಡು ಕಡೆ ತಪ್ಪಿರಬೇಕು. ಹೊಸ ಬಟ್ಟೆಯ ಗಂಜಿ ತೆಗೆಯದೆ ಒತ್ತಿದರೆ ಬಣ್ಣ ನೂಲಿಗಲ್ಲ, ಗಂಜಿಗೆ ಅಂಟುತ್ತದೆ, ಗಂಜಿಯ ಜೊತೆಗೇ ಹೋಗುತ್ತದೆ. ಚೀಲಗಳನ್ನು ಮೊದಲೇ ಒಗೆದು, ಒಣಗಿಸಿ, ಇಸ್ತ್ರಿ ಮಾಡಿಕೊಳ್ಳಿ. ಎರಡನೆಯದಾಗಿ, ಕಾಗದದ ಶಾಯಿ ಬಟ್ಟೆಗಾಗದು. ಬಟ್ಟೆಯ ಬಣ್ಣವನ್ನು ಪಾತ್ರೆ ತೊಳೆಯುವ ಸ್ಪಂಜಿನ ತುಂಡಿಗೆ ತೆಗೆದುಕೊಂಡು ಸೀಲಿನ ಮುಖಕ್ಕೆ ತಟ್ಟಿ ಹಚ್ಚಿ. ಸೀಲನ್ನೇ ಬಣ್ಣಕ್ಕೆ ಅದ್ದಿದರೆ ಸಂದುಗಳೆಲ್ಲ ತುಂಬಿ ಚಿತ್ರ ಮಸುಕಾಗುತ್ತದೆ. ಬಣ್ಣ ಹಿಂಬದಿಗೆ ಇಳಿಯದಂತೆ ಚೀಲದೊಳಗೆ ರಟ್ಟು ಇಡಿ. ಒಂದು ದಿನ ಒಣಗಿದ ಮೇಲೆ ಚಿತ್ರದ ಹಿಂಬದಿಯಿಂದ, ಹಬೆಯಿಲ್ಲದ ಬಿಸಿ ಇಸ್ತ್ರಿಯನ್ನು ಮೂರು ನಾಲ್ಕು ನಿಮಿಷ ಆಡಿಸಿದರೆ ಬಣ್ಣ ಕೂರುತ್ತದೆ. ಸೀಲಿನ ಮೇಲೆ ಉಳಿದ ಬಟ್ಟೆಯ ಬಣ್ಣವನ್ನು ಮಾತ್ರ ಆ ಗಳಿಗೆಯಲ್ಲೇ ತೊಳೆಯಬೇಕು, ಒಮ್ಮೆ ಒಣಗಿತೆಂದರೆ ಅದು ರಬ್ಬರಿನ ಗೆರೆಗಳಿಂದ ಬಿಡದು.

ಪ್ರಶ್ನೆ: ಅದೇ ಸೀಲುಗಳನ್ನು ಬಿಸ್ಕತ್ತಿನ ಹಿಟ್ಟಿನ ಮೇಲೆ ಒತ್ತಬಹುದೇ?
— ಹಾಸನದ ಓದುಗರು

ಉತ್ತರ: ಒಮ್ಮೆಯಾದರೂ ಶಾಯಿ ಕಂಡ ಸೀಲನ್ನು, ಎಷ್ಟೇ ತೊಳೆದಿದ್ದರೂ, ತಿನ್ನುವ ವಸ್ತುವಿಗೆ ಮುಟ್ಟಿಸಬೇಡಿ. ಬಿಸ್ಕತ್ತಿಗೆ ಮರದ ಅಥವಾ ಆಹಾರಕ್ಕೆಂದೇ ತಯಾರಿಸಿದ ಸಿಲಿಕೋನ್ ಅಚ್ಚನ್ನು ಬೇರೆಯಾಗಿಯೇ ಕೊಂಡು, ಅದನ್ನು ಅಡುಗೆಮನೆಯ ಡಬ್ಬಿಯಲ್ಲೇ ಇಡಿ. ಹೊಲಿಗೆ ಪೆಟ್ಟಿಗೆಯಲ್ಲಿ ಸೀಲುಗಳ ಜೊತೆ ಇಟ್ಟರೆ ಮುಂದಿನ ವರ್ಷ ಯಾವುದು ಯಾವುದೆಂದು ನಿಮಗೇ ನೆನಪಿರುವುದಿಲ್ಲ.