ದುರ್ಯೋಧನನ ದುಡ್ಡು ಎಲ್ಲಿಗೆ ಹೋಗಬೇಕು?

ಓದುಗರ ಪತ್ರ: ನಮ್ಮೂರಲ್ಲಿ ಎರಡು ವರ್ಷದಲ್ಲಿ ಮೂವರು ಕ್ಯಾನ್ಸರ್‌ನಿಂದ ತೀರಿಕೊಂಡರು. ಈ ಸಲ ಪೌರಾಣಿಕ ನಾಟಕ ಆಡಿ 1,86,000 ರೂಪಾಯಿ ಕೂಡಿಸಿದ್ದೇವೆ. ಬೆಂಗಳೂರಲ್ಲಿ ಕೆಲಸದಲ್ಲಿರುವ ಹುಡುಗರು ಎಲ್ಲವನ್ನೂ ಸಂಶೋಧನೆಗೆ ಕೊಡೋಣ ಅಂತಾರೆ. ಹಿರಿಯರು ಊರಿನ ರೋಗಿಗಳಿಗೇ ಇರಲಿ ಅಂತಾರೆ. ನೀವೇನಂತೀರಿ?
– ನಿವೃತ್ತ ಮೇಷ್ಟ್ರು, ಶಿರಾ ತಾಲ್ಲೂಕು

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

ಕೃಷ್ಣನ ಪಾತ್ರ ಬೇಕಾದವರು ಇಷ್ಟು ಕೊಡಬೇಕು, ದುರ್ಯೋಧನನಿಗೆ ಇಷ್ಟು ಅಂತ ಪಾತ್ರ ಮಾಡುವವರಿಗೇ ರೇಟು ಕಟ್ಟುವುದು ನಿಮ್ಮ ಕಡೆ ಹೊಸದೇನಲ್ಲ. ಆದರೆ ಸೀನರಿ, ಡ್ರೆಸ್ಸು, ಹಾರ್ಮೋನಿಯಂ ಮೇಷ್ಟ್ರು ಅಂತ ಕೊಟ್ಟ ಮೇಲೆ ಕೈಯಲ್ಲಿ ದುಡ್ಡು ಉಳಿದಿದ್ದನ್ನು ಕೇಳಿದ್ದು ಇದೇ ಮೊದಲು. ಅದಕ್ಕೇ ನಿಮ್ಮ ಕಾಗದವನ್ನು ಆಫೀಸಿನಲ್ಲಿ ಎಲ್ಲರಿಗೂ ಓದಿ ಹೇಳಿದೆ.

ನಾನು ಹಿರಿಯರ ಕಡೆ. ಹಾಗಂತ ಹುಡುಗರನ್ನು ಬಾಯಿ ಮುಚ್ಚಿಸಬೇಡಿ. ಹಳ್ಳಿಯಿಂದ ಸಂಶೋಧನೆಗೆ ಏನಾಗುತ್ತೆ ಅನ್ನುವವರಿಗೆ ಉಸ್ಮಾನಾಬಾದಿನ ಕಥೆ ಹೇಳಬೇಕು. ಮಹಾರಾಷ್ಟ್ರದ ಆ ಜಿಲ್ಲೆಯ ಹಳ್ಳಿಗಳಲ್ಲಿ 1999ರಲ್ಲಿ ಒಂದು ಅಧ್ಯಯನ ಶುರುವಾಯಿತು. 30ರಿಂದ 59 ವರ್ಷದ ಸುಮಾರು 1.3 ಲಕ್ಷ ಹೆಂಗಸರು ಅದರಲ್ಲಿದ್ದರು. ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸಿಗೆ ಒಂದೇ ಒಂದು ಸಲ ಪರೀಕ್ಷೆ ಮಾಡಿ, ಬೇಕಾದವರಿಗೆ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ ಆ ಕ್ಯಾನ್ಸರ್‌ನಿಂದ ಸಾಯುವವರು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದರು. 2009ರಲ್ಲಿ ಇದು ಪ್ರಕಟವಾದಾಗ ಜಗತ್ತೇ ತಿರುಗಿ ನೋಡಿತು. ಹೋಲಿಕೆಗೆ ಅಂತ ಒಂದು ಗುಂಪಿಗೆ ಪರೀಕ್ಷೆಯನ್ನೇ ಮಾಡದೆ ಬಿಟ್ಟಿದ್ದು ಸರಿಯಾ ಅನ್ನೋ ತಕರಾರೂ ಆಮೇಲೆ ಬಂತು. ಆ ತಕರಾರಿನಲ್ಲಿ ಹುರುಳಿದೆ ಅಂತಲೇ ನನಗೂ ಅನಿಸುತ್ತದೆ. ಆದರೆ ಆ ಹೆಂಗಸರು ಕೊಟ್ಟಿದ್ದು ದುಡ್ಡಲ್ಲ ನೋಡಿ. ಕೂಲಿ ಬಿಟ್ಟು ಬಂದರು, ಸಂಕೋಚ ಬಿಟ್ಟು ಪರೀಕ್ಷೆ ಮಾಡಿಸಿಕೊಂಡರು, ವರ್ಷಗಟ್ಟಲೆ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು.

ನಿಮ್ಮ ಹುಡುಗರೂ ಅಂಥದ್ದೇ ಕೆಲಸ ಮಾಡಬಹುದು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ 1982ರಿಂದ, ನಗರದಲ್ಲಿ ಎಷ್ಟು ಜನಕ್ಕೆ ಯಾವ ಕ್ಯಾನ್ಸರ್ ಬಂತು ಅನ್ನೋ ಲೆಕ್ಕ ಬರೆದಿಡುತ್ತಿದ್ದಾರೆ. ಹಳ್ಳಿಗಾಡಿನ ಇಂಥ ಲೆಕ್ಕ ದೇಶದಲ್ಲೇ ಮೊದಲು ಶುರುವಾಗಿದ್ದು ಸೋಲಾಪುರ ಜಿಲ್ಲೆಯ ಬಾರ್ಶಿಯಲ್ಲಿ, 1987ರಲ್ಲಿ. ಇನ್ನು ನಮ್ಮ ಊರುಗಳಲ್ಲಿ? 'ಏನೋ ಗಡ್ಡೆಯಂತೆ', 'ಆ ಕಾಯಿಲೆಯಂತೆ' ಅಂತ ಪಿಸುಗುಟ್ಟುತ್ತೇವೆ. ರೋಗಿ ಹೋದ ಮೇಲೆ ಫೈಲನ್ನು ಒಲೆಗೆ ಹಾಕುತ್ತೇವೆ. ಆಸ್ಪತ್ರೆಯಿಂದ ಹೇಗಿದ್ದಾರೆ ಅಂತ ಫೋನ್ ಬಂದರೆ ಎತ್ತುವುದಿಲ್ಲ. ಫೈಲು ಜೋಪಾನ ಮಾಡುವುದು, ಫೋನ್ ಎತ್ತಿ ಇದ್ದದ್ದು ಇದ್ದ ಹಾಗೆ ಹೇಳುವುದು, ಇಷ್ಟನ್ನು ಹುಡುಗರು ವಹಿಸಿಕೊಳ್ಳಲಿ. ಕಾಸು ಖರ್ಚಿಲ್ಲ.

ಈಗ ದುಡ್ಡಿನ ವಿಷಯ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಜನ ಸೋಲುವುದು ಅದರ ಆಚೆಗಿನ ಖರ್ಚಿಗೆ. ನಿಮ್ಮ ಕಡೆ 'ಕರೆಂಟ್ ಕೊಡಿಸೋದು' ಅಂತಾರಲ್ಲ, ಆ ರೇಡಿಯೇಷನ್ ಬಹಳ ಸಲ ವಾರಕ್ಕೆ ಐದು ದಿನದಂತೆ ಐದಾರು ವಾರ ನಡೆಯುತ್ತದೆ. ದಿನಕ್ಕೆ ಕೆಲವೇ ನಿಮಿಷದ ಕೆಲಸ. ಅಷ್ಟಕ್ಕಾಗಿ ಶಿರಾದಿಂದ ದಿನಾ ಸುಮಾರು 120 ಕಿಲೋಮೀಟರ್ ಬಂದು ಹೋಗೋಕಾಗುತ್ತಾ? ಬೆಂಗಳೂರಲ್ಲಿ ಉಳಿಯಬೇಕು. ಧರ್ಮಶಾಲೆಯಲ್ಲಿ ಜಾಗ ಸಿಕ್ಕರೆ ಪುಣ್ಯ. ಇಲ್ಲದಿದ್ದರೆ ರೂಮ್ ಬಾಡಿಗೆ, ಇಬ್ಬರ ಊಟ, ಜೊತೆಗೆ ಬಂದವರ ಕೂಲಿ ಖೋತಾ. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸು ಪುಕ್ಕಟೆ, ಸರಿ. ಜೊತೆಗೆ ಬರುವ ಗಂಡನಿಗೆ?

ನಮ್ಮ ದೊಡ್ಡಪ್ಪನಿಗೆ ಬಾಯಿ ಕ್ಯಾನ್ಸರ್ ಆಗಿತ್ತು. ಹದಿನಾಲ್ಕು ದಿನ ಕರೆಂಟ್ ಕೊಡಿಸಿಕೊಂಡು ಊರಿಗೆ ಹೊರಟುಬಿಟ್ಟರು. 'ಹಸು ಈದೈತೆ, ರೂಮಿನವನು ಬಾಡಿಗೆ ಕೇಳ್ತಾನೆ, ಇಷ್ಟು ಸಾಕು ಬಿಡು' ಅಂದರು. ನಾನಾಗ ಇದೇ ಬೆಂಗಳೂರಲ್ಲಿ ಕೆಲಸಕ್ಕಿದ್ದೆ. ಬಾಡಿಗೆ ಎಷ್ಟು ಅಂತ ಕೇಳಲೂ ಇಲ್ಲ. ಅವರು ಹೇಳಿಕೊಳ್ಳುವವರೂ ಅಲ್ಲ.

ಹಾಗಾಗಿ ನಿಮ್ಮ ದುಡ್ಡು ಬಾಡಿಗೆಗೆ, ಊಟಕ್ಕೆ, ಹಸುವಿಗೆ ಮೇವು ಹಾಕುವವರಿಗೆ ಹೋಗಲಿ. ಇದನ್ನು ಕೊಡುವ ಯೋಜನೆಯನ್ನು ನಾನಂತೂ ಕಂಡಿಲ್ಲ. ರೈಲಿನಲ್ಲಿ ಬರುವವರಿದ್ದರೆ ಡಾಕ್ಟರ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಟಿಕೆಟ್ ಪೂರ್ತಿ ರಿಯಾಯಿತಿ, ಜೊತೆಗಾರರಿಗೆ ಮುಕ್ಕಾಲು ಭಾಗ. ವಾಸಿಯಾಗುವ ಹಂತ ದಾಟಿದವರಿದ್ದರೆ ಬೆಂಗಳೂರಿನ ಕರುಣಾಶ್ರಯ ಅನ್ನೋ ಆರೈಕೆ ಕೇಂದ್ರ ನೆನಪಿರಲಿ. ಅಲ್ಲಿ ಆರೈಕೆಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಹುಡುಗರು ಹಟ ಮಾಡಿದರೆ ಹತ್ತಿಪ್ಪತ್ತು ಸಾವಿರ ಸಂಶೋಧನೆಗೂ ಕೊಡಿ. ಚೆಕ್‌ನಲ್ಲೇ ಕೊಟ್ಟು ರಸೀದಿ ಇಸ್ಕೊಳ್ಳಿ.

ಒಂದು ಜಗಳ ಮಾತ್ರ ಇದೆ. ಪತ್ರದ ಜೊತೆ ಕಳಿಸಿದ ಫೋಟೋದಲ್ಲಿ ಫ್ಲೆಕ್ಸ್ ಕಾಣುತ್ತದೆ. ದಾನಿಗಳ ಮುಖದ ಪಕ್ಕದಲ್ಲೇ ತಲೆಗೂದಲು ಉದುರಿದ ಆ ತಾಯಿಯ ಮುಖ. ಅವರನ್ನು ಕೇಳಿ ಹಾಕಿದಿರಾ? ಕೇಳಿದ್ದರೂ, ಊರಿನ ದುಡ್ಡು ಬೇಕಿರುವ ಬಡವರು ಬೇಡ ಅನ್ನೋದು ಹೇಗೆ? ದಯವಿಟ್ಟು ಇವತ್ತೇ ಇಳಿಸಿ. ನಾವು ಆ ಫೋಟೋ ಅಚ್ಚು ಹಾಕುತ್ತಿಲ್ಲ.

ಮುಂದಿನ ವರ್ಷವೂ ನಾಟಕ ಇದೆಯಂತಲ್ಲ. ಕೃಷ್ಣ, ದುರ್ಯೋಧನ ನನ್ನ ಕೈಗೆಟುಕುವ ರೇಟಲ್ಲ. ಶಕುನಿ ಖಾಲಿ ಇದ್ದರೆ ಎಷ್ಟು ಅಂತ ಬರೆಯಿರಿ.