ಕೆರೆ ಎಲ್ಲರದು, ಹೂಳೆತ್ತುವವರು ಯಾರು?

ಮಾನ್ಯರೇ,

ಕಳೆದ ಸಂಚಿಕೆಯ ಸಂಪಾದಕೀಯವನ್ನು ಓದಿ ನೀವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ಪೂರ್ತಿ ಅಚ್ಚು ಮಾಡಲು ಸ್ಥಳವಿಲ್ಲದ ಕಾರಣ ಅದರ ತಿರುಳನ್ನು ಉಳಿದ ಓದುಗರಿಗಾಗಿ ಮೊದಲು ಹೇಳಿಬಿಡುತ್ತೇನೆ. ಮಲೆನಾಡಿನ ಪಟ್ಟಣವೊಂದರ ಪತ್ತಿನ ಸಹಕಾರ ಸಂಘದಲ್ಲಿ ಎರಡು ಸರ್ವರ್‌ಗಳನ್ನು ಒಬ್ಬರೇ ನೋಡಿಕೊಳ್ಳುತ್ತಿರುವ ನೀವು, ಸರ್ಕಾರಿ ಕಚೇರಿಗಳೂ ಸಹಕಾರ ಸಂಸ್ಥೆಗಳೂ, ಯಾರು ಬೇಕಾದರೂ ಒಳಗನ್ನು ನೋಡಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶವನ್ನೇ ಆಶ್ರಯಿಸಬೇಕೆಂಬ ನಮ್ಮ ವಾದವನ್ನು ಒಪ್ಪಿಲ್ಲ. 2029ರವರೆಗೆ ನಡೆಯುತ್ತದೆಂದು ನಂಬಿ ಹಾಕಿಕೊಂಡಿದ್ದ ಸೆಂಟ್‌ಓಎಸ್ 8 ಎಂಬ ಮುಕ್ತ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆ ಅರ್ಧದಲ್ಲೇ ಕೈಕೊಟ್ಟಿದ್ದರಿಂದ ಒಂದು ಸರ್ವರನ್ನು ಕಿತ್ತು ಹೊಸದಾಗಿ ಕಟ್ಟಬೇಕಾಯಿತು. 2024ರ ಮಾರ್ಚ್ ಕೊನೆಯಲ್ಲಿ ಎಕ್ಸ್‌ಜೆಡ್ ಎಂಬ ಮುಕ್ತ ತಂತ್ರಾಂಶದಲ್ಲಿ ಯಂತ್ರದೊಳಗೆ ಗುಟ್ಟಾಗಿ ನುಸುಳುವ ಕಳ್ಳಬಾಗಿಲು ಸಿಕ್ಕ ಸುದ್ದಿ ಬಂದಾಗ ರಾತ್ರಿಯೆಲ್ಲ ಎದ್ದು ಕುಳಿತು ಎರಡೂ ಯಂತ್ರಗಳನ್ನು ಪರಿಶೀಲಿಸಬೇಕಾಯಿತು. ಇದರ ಮೇಲೆ ಸೈಬರ್ ಸುರಕ್ಷತೆಯನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ನ ನಿಯಮಗಳ ಹೊರೆ. ಹೇಳುವವರು ಕೇಳುವವರು ಇಲ್ಲದ ತಂತ್ರಾಂಶಕ್ಕಿಂತ, ದುಡ್ಡು ಕೊಟ್ಟು ಕೊಂಡು, ತಪ್ಪಾದರೆ ಎದುರಿಗೆ ನಿಲ್ಲಿಸಿ ಕೇಳಬಹುದಾದ ಕಂಪನಿಯ ತಂತ್ರಾಂಶವೇ ಮೇಲಲ್ಲವೇ ಎಂಬುದು ನಿಮ್ಮ ಪ್ರಶ್ನೆ.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಸೋರ್ಸ್ ಕೋಡ್, ಅಂದರೆ ತಂತ್ರಾಂಶವನ್ನು ಬರೆದ ಮೂಲ ಸಾಲುಗಳು, ಎಲ್ಲರಿಗೂ ಕಾಣುವುದರಿಂದ ಮುಕ್ತ ತಂತ್ರಾಂಶ ತಾನಾಗಿಯೇ ಸುರಕ್ಷಿತ ಎಂದು ಸಂಪಾದಕೀಯದಲ್ಲಿ ಬರೆದಿದ್ದೆವು. ಆ ವಾಕ್ಯ ತಪ್ಪು. ಜಗತ್ತಿನ ಅಸಂಖ್ಯ ಜಾಲತಾಣಗಳ ಗುಟ್ಟನ್ನು ಕಾಯುತ್ತಿದ್ದ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ 2012ರ ಮಾರ್ಚ್‌ನಿಂದ 2014ರ ಏಪ್ರಿಲ್‌ವರೆಗೆ ಎಲ್ಲರ ಕಣ್ಣೆದುರಿಗೇ ಇತ್ತು. ನೋಡಲು ಅಡ್ಡಿಯಿರಲಿಲ್ಲ, ಆದರೆ ನೋಡುವುದನ್ನೇ ಕೆಲಸವಾಗಿ ಮಾಡಿಕೊಂಡವರು ಇರಲಿಲ್ಲ. ಆ ಯೋಜನೆಗೆ ಆಗ ಪೂರ್ಣಾವಧಿಯ ದುಡಿಮೆಗಾರರು ಒಬ್ಬರೇ. ದೇಣಿಗೆಯಾಗಿ ಬರುತ್ತಿದ್ದದ್ದು ವರ್ಷಕ್ಕೆ ಸುಮಾರು 2,000 ಡಾಲರ್. ಬ್ಯಾಂಕುಗಳೂ ಸರ್ಕಾರಗಳೂ ಅದನ್ನು ಪುಕ್ಕಟೆಯಾಗಿ ಬಳಸುತ್ತಿದ್ದ ಕಾಲದ ಮಾತಿದು.

ಎಕ್ಸ್‌ಜೆಡ್ ಪ್ರಕರಣವನ್ನು ನೀವು ಮುಕ್ತ ತಂತ್ರಾಂಶದ ಸೋಲಿಗೆ ಸಾಕ್ಷಿಯಾಗಿ ಮುಂದಿಟ್ಟಿದ್ದೀರಿ. ಅದನ್ನು ಸ್ವಲ್ಪ ಬಿಡಿಸಿ ನೋಡೋಣ. ಕಡತಗಳನ್ನು ಕುಗ್ಗಿಸಿಡುವ ಈ ಪುಟ್ಟ ತಂತ್ರಾಂಶವನ್ನು ಬಹುಮಟ್ಟಿಗೆ ಒಬ್ಬರೇ, ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. ತಮ್ಮ ಮನಸ್ಸಿನ ಆರೋಗ್ಯ ಸರಿಯಿಲ್ಲವೆಂದೂ, ಇದು ಸಂಬಳವಿಲ್ಲದ ಹವ್ಯಾಸವೆಂಬುದನ್ನು ಬಳಕೆದಾರರು ನೆನಪಿಡಬೇಕೆಂದೂ ಅವರು 2022ರಲ್ಲಿ ಬಹಿರಂಗವಾಗಿಯೇ ಬರೆದಿದ್ದರು. ಕೆಲಸ ನಿಧಾನವಾಗುತ್ತಿದೆ, ಬೇರೆಯವರಿಗೆ ಬಿಟ್ಟುಕೊಡಿ ಎಂದು ಗುರುತಿಲ್ಲದ ಹೆಸರುಗಳಿಂದ ಅವರ ಮೇಲೆ ಒತ್ತಡ ಬೀಳುತ್ತಿತ್ತು. ಅದೇ ಹೊತ್ತಿಗೆ ಜಿಯಾ ಟಾನ್ ಎಂಬ ಹೆಸರಿನಲ್ಲಿ ಬಂದ ಒಬ್ಬರು, ಅಥವಾ ಒಂದು ಗುಂಪು, ಎರಡು ವರ್ಷಕ್ಕೂ ಮೀರಿ ಉಪಯುಕ್ತ ಕೆಲಸವನ್ನೇ ಮಾಡಿ ವಿಶ್ವಾಸ ಗಳಿಸಿ, ಬಿಡುಗಡೆಯ ಹಕ್ಕನ್ನು ಪಡೆದು, 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲನ್ನು ಇಟ್ಟಿತು. ಆ ಬಾಗಿಲನ್ನು ತೆರೆಯುವ ಸಾಲುಗಳು ಮೂಲ ಸಾಲುಗಳನ್ನು ಇಡುವ, ಎಲ್ಲರೂ ನೋಡುವ ಗಿಟ್ ಭಂಡಾರದಲ್ಲಿ ಇರಲಿಲ್ಲ. ಬಿಡುಗಡೆಗೆಂದು ಕಟ್ಟಿಟ್ಟ ಕಡತದಲ್ಲಿ ಮಾತ್ರ ಇದ್ದವು. ಉಳಿದ ಭಾಗ ಪರೀಕ್ಷೆಯ ಕಡತಗಳ ವೇಷದಲ್ಲಿ ಅಡಗಿತ್ತು.

ಅದನ್ನು ಹಿಡಿದವರು ಪೋಸ್ಟ್‌ಗ್ರೆಸ್ ಡೇಟಾಬೇಸಿನ ಕೆಲಸಗಾರ ಆಂಡ್ರೆಸ್ ಫ್ರಾಯಿಂಡ್. ದೂರದ ಯಂತ್ರಕ್ಕೆ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆಗಲು ಅರ್ಧ ಸೆಕೆಂಡಿನಷ್ಟು ಹೆಚ್ಚು ಹೊತ್ತು ಹಿಡಿಯುತ್ತಿರುವುದು ಅವರಿಗೆ ಸರಿಕಾಣಲಿಲ್ಲ. ಎಳೆ ಹಿಡಿದು ಹೋಗಿ ಬೇರನ್ನು ಮುಟ್ಟಿ, ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದರು. ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯ ಸ್ಥಿರ ಆವೃತ್ತಿಗೂ, ನೀವು ಬಳಸುವ ಸೆಂಟ್‌ಓಎಸ್‌ನಂತಹ ರೆಡ್ ಹ್ಯಾಟ್ ವಂಶದ ವ್ಯವಸ್ಥೆಗಳಿಗೂ ಅದು ತಲುಪುವ ಮೊದಲೇ ಸಿಕ್ಕಿಬಿದ್ದಿತು. ಇಲ್ಲಿ ನಾನು ಎರಡು ಸಂಗತಿಗಳನ್ನು ಗಮನಿಸುತ್ತೇನೆ. ಫ್ರಾಯಿಂಡ್ ಅವರಿಗೆ ಬಿಡಿಸಿ ನೋಡಲು ಸಾಧ್ಯವಾದದ್ದು ಅದು ಮುಕ್ತವಾಗಿದ್ದರಿಂದ. ಹಾಗೆ ಬಿಡಿಸಿ ನೋಡುವಷ್ಟು ಹೊತ್ತು ಅವರ ಬಳಿ ಇದ್ದದ್ದು, ಮುಕ್ತ ತಂತ್ರಾಂಶದ ಮೇಲೆ ದುಡಿಯಲೆಂದೇ ಮೈಕ್ರೋಸಾಫ್ಟ್ ಅವರಿಗೆ ಸಂಬಳ ಕೊಡುತ್ತಿದ್ದುದರಿಂದ. ಎಕ್ಸ್‌ಜೆಡ್ ನೋಡಿಕೊಳ್ಳುತ್ತಿದ್ದವರಿಗೆ ಅಂತಹ ಆಸರೆ ಇದ್ದಿದ್ದರೆ ಜಿಯಾ ಟಾನ್‌ಗೆ ಅಷ್ಟು ಸುಲಭವಾಗಿ ಜಾಗ ಸಿಗುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ.

ಸೆಂಟ್‌ಓಎಸ್ ವಿಷಯದಲ್ಲಿ ನಿಮಗೆ ಅನ್ಯಾಯವಾದದ್ದು ನಿಜ. ಆದರೆ ಆ ಅನ್ಯಾಯ ಎಲ್ಲಿಂದ ಬಂತು? 2014ರ ಜನವರಿಯಿಂದ ಸೆಂಟ್‌ಓಎಸ್ ರೆಡ್ ಹ್ಯಾಟ್ ಕಂಪನಿಯ ಆಶ್ರಯದಲ್ಲಿತ್ತು. ಆ ಕಂಪನಿಯನ್ನು 2019ರಲ್ಲಿ ಐಬಿಎಂ 3,400 ಕೋಟಿ ಡಾಲರ್‌ಗೆ ಕೊಂಡಿತ್ತು. 2021ರ ಕೊನೆಗೆ ಆವೃತ್ತಿ 8ನ್ನು ನಿಲ್ಲಿಸುತ್ತೇವೆಂದು 2020ರ ಡಿಸೆಂಬರ್ 8ರಂದು ಘೋಷಿಸಿದ್ದೂ ಅದೇ ಕಂಪನಿ. ಹೇಳುವವರು ಕೇಳುವವರು ಇಲ್ಲದ್ದರಿಂದ ನೀವು ಬೀದಿಗೆ ಬೀಳಲಿಲ್ಲ. ಹೇಳುವವರಿದ್ದರು, ನಿಮ್ಮನ್ನು ಕೇಳಲಿಲ್ಲ. ಮುಂದೆ ನಡೆದದ್ದನ್ನೂ ನೋಡಿ: ಪರವಾನಗಿ ಅವಕಾಶ ಕೊಟ್ಟಿದ್ದರಿಂದ, ಸೆಂಟ್‌ಓಎಸ್ ಜಾಗವನ್ನು ತುಂಬಲು 2021ರ ಮಾರ್ಚ್‌ನಲ್ಲಿ ಆಲ್ಮಾ ಲಿನಕ್ಸ್, ಜೂನ್‌ನಲ್ಲಿ ರಾಕಿ ಲಿನಕ್ಸ್ ಹೊರಬಂದವು. ನಿಮ್ಮ ಮೊದಲ ಸರ್ವರನ್ನು ಆಲ್ಮಾಗೆ ಸಾಗಿಸಲು ಮೂರು ಶನಿವಾರಗಳು ಹಿಡಿದವೆಂದು ನೀವೇ ಬರೆದಿದ್ದೀರಿ. ಆ ಮೂರು ಶನಿವಾರಗಳ ಶ್ರಮವನ್ನು ನಾನು ಕಡೆಗಣಿಸುವುದಿಲ್ಲ. ಹಾಗಿದ್ದರೂ, ಸದಸ್ಯರ ಒಂದು ಖಾತೆಯೂ ಕಳೆಯದೆ ಹೊಸ ಮನೆ ಸೇರಿದಿರಿ.

ಮುಚ್ಚಿದ ತಂತ್ರಾಂಶದಲ್ಲಿ ಈ ದಾರಿ ಇರುವುದಿಲ್ಲವೆಂಬುದನ್ನು ನಮ್ಮ ಪತ್ರಿಕೆ ಅನುಭವಿಸಿ ತಿಳಿದಿದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಎಲ್ಲೆಡೆ ಒಂದೇ ಸಂಖ್ಯೆ ಕೊಡುವ ಯೂನಿಕೋಡ್ ನಮ್ಮ ಬಳಕೆಗೆ ಬರುವ ಮೊದಲು ಒಂದು ಖಾಸಗಿ ಸಂಸ್ಥೆಯ ಅಕ್ಷರಜೋಡಣೆ ತಂತ್ರಾಂಶದಲ್ಲಿ ಪುಟ ಕಟ್ಟುತ್ತಿದ್ದೆವು. ಕಂಪ್ಯೂಟರಿನ ಹಿಂಬದಿಗೆ ಡಾಂಗಲ್ ಎಂಬ ಬೀಗದ ತುಂಡನ್ನು ಸಿಕ್ಕಿಸದಿದ್ದರೆ ಅದು ತೆರೆದುಕೊಳ್ಳುತ್ತಲೇ ಇರಲಿಲ್ಲ. ಸಂಸ್ಥೆ ಮುಚ್ಚಿತು, ಡಾಂಗಲ್ ಕೆಟ್ಟಿತು, ಹನ್ನೊಂದು ವರ್ಷಗಳ ಸಂಚಿಕೆಗಳು ಯಾರೂ ಓದಲಾಗದ ಸಂಕೇತಗಳಾಗಿ ಉಳಿದವು. ಅಲ್ಲಿ ಪ್ರತಿಯೊಂದು ಅಕ್ಷರದ ಚೂರಿಗೂ ಆ ಸಂಸ್ಥೆ ತಾನೇ ಕೊಟ್ಟುಕೊಂಡ ಒಂದು ಸಂಖ್ಯೆ. ‘ಧರ್ಮ’ ಎಂಬ ಪದದಲ್ಲಿ ಅರ್ಕಾವೊತ್ತು ಕಾಗದದ ಮೇಲೆ ಕಾಣುವಂತೆ ‘ಮ’ ಆದ ಮೇಲೆ ಕುಳಿತಿರುತ್ತಿತ್ತು, ಯೂನಿಕೋಡಿನಲ್ಲಾದರೋ ಉಚ್ಚಾರದ ಕ್ರಮದಲ್ಲಿ ‘ರ’ ಮೊದಲು ಬರಬೇಕು. ಇಂತಹ ಅದಲುಬದಲುಗಳನ್ನು ಒಂದೊಂದಾಗಿ ಕಂಡುಹಿಡಿದು ಹಳೆಯ ಸಂಚಿಕೆಗಳನ್ನು ಯೂನಿಕೋಡಿಗೆ ತರುವ ಕೆಲಸ ಇನ್ನೂ ಮುಗಿದಿಲ್ಲ. ನಾವು ದುಡ್ಡು ಕೊಟ್ಟೇ ಕೊಂಡಿದ್ದೆವು. ಎದುರಿಗೆ ನಿಲ್ಲಿಸಿ ಕೇಳಲು ಯಾರೂ ಉಳಿದಿರಲಿಲ್ಲ.

ಕಂಪನಿ ಉಳಿದಿದ್ದರೂ ಕೇಳುವುದು ಅಷ್ಟು ಸುಲಭವಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷತಾ ತಂತ್ರಾಂಶ ಕಂಪನಿಯ ಒಂದು ದೋಷಯುಕ್ತ ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ತನಗೆ 50 ಕೋಟಿ ಡಾಲರ್‌ನಷ್ಟು ನಷ್ಟವಾಯಿತೆಂದು ಅಮೆರಿಕದ ಡೆಲ್ಟಾ ವಿಮಾನ ಸಂಸ್ಥೆ ಹೇಳಿದಾಗ, ಒಪ್ಪಂದದಂತೆ ತಮ್ಮ ಹೊಣೆ ಒಂದು ಕೋಟಿ ಡಾಲರ್‌ಗೂ ಕಡಿಮೆ ಮೊತ್ತಕ್ಕೆ ಸೀಮಿತವೆಂದು ಕ್ರೌಡ್‌ಸ್ಟ್ರೈಕ್ ವಕೀಲರು ಉತ್ತರಿಸಿದರು. ಡೆಲ್ಟಾದಂತಹ ಸಂಸ್ಥೆಗೇ ಈ ಉತ್ತರವಾದರೆ, ಒಂದು ಪತ್ತಿನ ಸಂಘದ ಕೈಯಲ್ಲಿರುವ ಪರವಾನಗಿ ಪತ್ರಕ್ಕೆ ಎಷ್ಟು ಬಲ ಇದ್ದೀತು? 2025ರ ಜುಲೈನಲ್ಲಿ ನಡೆದದ್ದು ಇನ್ನೂ ಹೆಚ್ಚು ಯೋಚಿಸಬೇಕಾದ ವಿಷಯ. ರಷ್ಯಾದ ರಾಸ್‌ನೆಫ್ಟ್ ಪಾಲು ಹೊಂದಿರುವ ನಯಾರಾ ಎನರ್ಜಿ ಎಂಬ ಭಾರತದ ತೈಲ ಸಂಸ್ಥೆಯ ಮೇಲೆ ಐರೋಪ್ಯ ಒಕ್ಕೂಟ ನಿರ್ಬಂಧ ಹೇರಿದ ಮೇಲೆ, ಮೈಕ್ರೋಸಾಫ್ಟ್ ಆ ಸಂಸ್ಥೆಗೆ ಕೊಡುತ್ತಿದ್ದ ಸೇವೆಯನ್ನು ತಡೆಹಿಡಿಯಿತು. ನಯಾರಾ ದೆಹಲಿ ಹೈಕೋರ್ಟಿನ ಮೊರೆಹೊಕ್ಕ ಬಳಿಕ ಸೇವೆ ಮರಳಿತು. ನಯಾರಾ ಶುಲ್ಕ ಕಟ್ಟಿದ ಗ್ರಾಹಕ; ಆದರೂ ಅದರ ಇ-ಅಂಚೆ ಮತ್ತು ಕಡತಗಳು ಬೇರೊಂದು ಖಂಡದ ರಾಜಕೀಯ ತೀರ್ಮಾನಕ್ಕೆ ಸಿಲುಕಿದವು.

ಆದ್ದರಿಂದ ಯಾರಿಂದ ಕೊಳ್ಳಬೇಕು ಎನ್ನುವುದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳೆರಡು: ಬಿಟ್ಟು ಹೊರಡಬೇಕಾದ ದಿನ ನಮ್ಮ ದತ್ತಾಂಶದೊಂದಿಗೆ ಹೊರಡಲು ದಾರಿಯಿದೆಯೇ, ಮತ್ತು ಇದನ್ನು ದಿನದಿನವೂ ನೋಡಿಕೊಳ್ಳುವವರಿಗೆ ಅನ್ನ ಎಲ್ಲಿಂದ ಬರುತ್ತದೆ. ಮೊದಲನೆಯದಕ್ಕೆ ಮುಕ್ತ ತಂತ್ರಾಂಶ ಉತ್ತರ ಕೊಟ್ಟಿದೆ. ಎರಡನೆಯದಕ್ಕೆ ಕೊಟ್ಟಿಲ್ಲ, ಅದನ್ನು ಕೊಡಬೇಕಾದವರು ಬಳಸುವವರಾದ ನಾವು.

ನಮ್ಮ ನಾಡಿಗೆ ಇದು ಹೊಸ ವಿಚಾರವೇನಲ್ಲ. ಕೆರೆ ಊರಿನವರೆಲ್ಲರದು, ಆದರೆ ಹೂಳೆತ್ತಿ ಏರಿ ಭದ್ರಪಡಿಸುವ ಕೆಲಸಕ್ಕೆಂದು ಬಿಟ್ಟ ಭೂಮಿಯನ್ನು ನಮ್ಮ ಶಾಸನಗಳು ಕೆರೆಗೊಡಗೆ ಎಂದು ಕರೆಯುತ್ತವೆ, ನೀರು ಬಿಡುವ ನೀರುಗಂಟಿಗೂ ಊರಿನ ಬೆಳೆಯಲ್ಲಿ ಪಾಲಿತ್ತು. ಎಲ್ಲರದಾದುದನ್ನು ಯಾರೋ ಒಬ್ಬರು ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳಲಿ ಎಂದು ಹಿರಿಯರು ಬಿಟ್ಟಿರಲಿಲ್ಲ. ಇಂದು ಆಂಡ್ರಾಯ್ಡ್ ಫೋನಿನಲ್ಲಾಗಲಿ, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಲ್ಲಾಗಲಿ ಕನ್ನಡದ ಒತ್ತಕ್ಷರಗಳು ತಮ್ಮ ಜಾಗದಲ್ಲಿ ಸರಿಯಾಗಿ ಕೂರುವಂತೆ ಮಾಡುತ್ತಿರುವುದು ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ. ಕೋಟ್ಯಂತರ ಕನ್ನಡಿಗರು ದಿನವೂ ಅದರ ನೀರು ಕುಡಿಯುತ್ತಿದ್ದೇವೆ, ಹೆಸರು ಕೇಳಿದವರೇ ವಿರಳ.

ನೀತಿಯ ಮಾತಿಗೆ ಬರುತ್ತೇನೆ. ಸರ್ಕಾರಿ ಯೋಜನೆಗಳಲ್ಲಿ ಮುಕ್ತ ತಂತ್ರಾಂಶವನ್ನು ಪರಿಗಣಿಸಲೇಬೇಕು, ಅದನ್ನು ಕೈಬಿಟ್ಟರೆ ಟೆಂಡರುದಾರರು ಕಾರಣ ಹೇಳಬೇಕು ಎಂದು ಕೇಂದ್ರ ಸರ್ಕಾರ 2015ರಲ್ಲೇ ನೀತಿ ಹೊರಡಿಸಿದೆ. ಅದರ ಒತ್ತೆಲ್ಲ ಆಯ್ಕೆಯ ಮೇಲಿದೆ. ಆಯ್ದುಕೊಂಡದ್ದರ ಮೂಲ ಯೋಜನೆಗೆ ನಮ್ಮ ಪಾಲೆಷ್ಟು ಎಂಬ ಪ್ರಶ್ನೆ ಹಿಂದೆ ಉಳಿದಿದೆ. ಜರ್ಮನಿ 2022ರಲ್ಲಿ ಇದಕ್ಕೆಂದೇ ಒಂದು ಸರ್ಕಾರಿ ನಿಧಿಯನ್ನು ತೆರೆಯಿತು. ಜಾಲದ ಮೂಲಕ ದತ್ತಾಂಶ ಸಾಗಿಸುವ ಕರ್ಲ್‌ನಂತಹ ಪುಟ್ಟ ಉಪಕರಣಕ್ಕೂ ಅದು ಹಣ ಕೊಟ್ಟಿದೆ, ಲಿನಕ್ಸ್ ಕಂಪ್ಯೂಟರಿನ ಪರದೆಯನ್ನು ರೂಪಿಸುವ ಗ್ನೋಮ್ ಯೋಜನೆಗೆ 10 ಲಕ್ಷ ಯೂರೋ ಕೊಟ್ಟಿದೆ. ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಝೆರೋಧಾ 2024ರ ಅಕ್ಟೋಬರ್‌ನಲ್ಲಿ ವರ್ಷಕ್ಕೆ 10 ಲಕ್ಷ ಡಾಲರ್‌ಗಳ ನಿಧಿಯೊಂದನ್ನು ಪ್ರಕಟಿಸಿತು. ಒಂದು ಖಾಸಗಿ ಕಂಪನಿಗೆ ತೋಚಿದ್ದು, ಇಷ್ಟೊಂದು ತಂತ್ರಾಂಶ ಕಂಪನಿಗಳ ತೆರಿಗೆ ಪಡೆಯುವ ರಾಜ್ಯಕ್ಕೆ ತೋಚಬಾರದೇ? ಮುಕ್ತ ತಂತ್ರಾಂಶವನ್ನು ಕಡ್ಡಾಯ ಮಾಡಬೇಕೆಂದು ನಾನು ಇನ್ನು ಮುಂದೆ ವಾದಿಸುವುದಿಲ್ಲ. ನಿಮ್ಮ ಪತ್ರ ಓದಿದ ಮೇಲೆ ಆ ಅಭಿಪ್ರಾಯವನ್ನು ಬದಲಿಸಿಕೊಂಡಿದ್ದೇನೆ. ನೋಡಿಕೊಳ್ಳುವ ಆಳನ್ನು ಕೊಡದೆ ಕಡ್ಡಾಯ ಮಾಡಿದರೆ, ಹಳೆಯ ಆವೃತ್ತಿಯನ್ನು ಹಾಕಿ ಮರೆತುಬಿಟ್ಟ ಯಂತ್ರಗಳಷ್ಟೇ ಕಚೇರಿಗಳಲ್ಲಿ ಉಳಿಯುತ್ತವೆ.

ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಬಗ್ಗೆ ನನ್ನ ಅಭಿಪ್ರಾಯ ನಿಮ್ಮದಕ್ಕಿಂತ ತುಸು ಭಿನ್ನ. ಯಂತ್ರಗಳ ಗಡಿಯಾರವನ್ನು ರಾಷ್ಟ್ರೀಯ ಮಾಹಿತಿ ಕೇಂದ್ರ (ಎನ್‌ಐಸಿ) ಅಥವಾ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಿಡುವುದು, ಯಂತ್ರ ತಾನೇ ಬರೆದಿಡುವ ದಿನಚರಿಯಾದ ಲಾಗ್ ಅನ್ನು 180 ದಿನಗಳವರೆಗೆ ಕಾಪಾಡುವುದು ಸಂಘಕ್ಕೇ ಒಳ್ಳೆಯದು. ಹಣ ಕಾಣೆಯಾದ ದಿನ ಅದೊಂದೇ ಸಾಕ್ಷಿ. ಆದರೆ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕೆಂಬುದು, ಒಬ್ಬರೇ ಸರ್ವರನ್ನೂ ಪ್ರಿಂಟರನ್ನೂ ನೋಡಿಕೊಂಡು ಬಿಡುವಿದ್ದಾಗ ಕೌಂಟರಿನಲ್ಲಿಯೂ ಕೂರುವ ಕಚೇರಿಗೆ ನ್ಯಾಯವಾದ ನಿಯಮವಲ್ಲ. ಬೆಂಕಿಯನ್ನು ಮೊದಲು ಆರಿಸಬೇಕೋ, ಅರ್ಜಿ ಮೊದಲು ತುಂಬಬೇಕೋ ಎಂದು ನೀವು ಕೇಳಿರುವುದು ಸರಿಯಾಗಿದೆ.

ಇದೇ ಪ್ರಶ್ನೆ ದೊಡ್ಡ ಪ್ರಮಾಣದಲ್ಲಿ ಬರುತ್ತಿದೆ. 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸಲು 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಯೋಜನೆಯ ಅವಧಿ ಮುಗಿದ ಮೇಲೂ ಆ ಕಂಪ್ಯೂಟರುಗಳು ಕೌಂಟರಿನಲ್ಲೇ ಇರುತ್ತವೆ. ಒಂದು ತಾಲ್ಲೂಕಿನ ಸಂಘಗಳೆಲ್ಲ ಸೇರಿ ಇಬ್ಬರು ಸರ್ವರ್ ನಿರ್ವಾಹಕರಿಗೆ ಸಂಬಳ ಕೊಡುವ ವ್ಯವಸ್ಥೆಯನ್ನು ಸಹಕಾರ ಇಲಾಖೆ ಈಗಲೇ ರೂಪಿಸಬೇಕು. ಒಗ್ಗೂಡಿ ಹೊರೆ ಹೊರುವುದಕ್ಕೆಂದೇ ಹುಟ್ಟಿದ ಸಂಸ್ಥೆಗಳಿಗೆ ಇದು ಅಸಾಧ್ಯವಾಗಬಾರದು.

ಕೊನೆಯದಾಗಿ ನಿಮ್ಮ ಎರಡನೆಯ ಸರ್ವರ್. ಅದು ಇನ್ನೂ ಸೆಂಟ್‌ಓಎಸ್ 7ರಲ್ಲೇ ಇದೆಯೆಂದು ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ಆ ಆವೃತ್ತಿಗೆ 2024ರ ಜೂನ್ 30ರಿಂದ ಯೋಜನೆಯ ಕಡೆಯಿಂದ ಯಾವ ದುರಸ್ತಿಯೂ ಬರುತ್ತಿಲ್ಲ. ಇದ್ದಲ್ಲಿಯೇ ಮೇಲಿನ ಆವೃತ್ತಿಗೆ ಏರಿಸುವ ಉಪಕರಣ ಆಲ್ಮಾ ಬಳಗದಲ್ಲಿದೆ, ಆದರೂ ಬೇರೊಂದು ಯಂತ್ರದಲ್ಲಿ ಹೊಸದಾಗಿ ಸ್ಥಾಪಿಸಿ, ಬ್ಯಾಕಪ್‌ನಿಂದ ಡೇಟಾಬೇಸನ್ನು ತುಂಬಿಸುವುದೇ ಲೇಸು. ನಿಮ್ಮ ಬ್ಯಾಕಪ್ ನಿಜವಾಗಿ ತೆರೆದುಕೊಳ್ಳುತ್ತದೆಯೇ ಎಂಬುದೂ ಅದರಿಂದ ತಿಳಿಯುತ್ತದೆ. ಅಲ್ಲಿಯವರೆಗೆ ಆ ಯಂತ್ರವನ್ನು ಹೊರಗಿನ ಇಂಟರ್ನೆಟ್ಟಿನಿಂದ ಬಿಡಿಸಿ, ಸಂಘದ ಒಳಜಾಲಕ್ಕೆ ಮಾತ್ರ ಸಿಗುವಂತೆ ಇಡಿ. ಸೆಪ್ಟೆಂಬರ್‌ನ ವಾರ್ಷಿಕ ಮಹಾಸಭೆಗೆ ಮುನ್ನ ಆಡಳಿತ ಮಂಡಳಿಯ ಮುಂದೆ ಎರಡನೆಯ ಆಳಿನ ಬೇಡಿಕೆಯನ್ನು ಬರಹದಲ್ಲಿ ಇಡಿ. ಬೇಕಿದ್ದರೆ ಈ ಪುಟವನ್ನೂ ಅದಕ್ಕೆ ಲಗತ್ತಿಸಿ. ನಮ್ಮ ಪತ್ರಿಕೆಯೂ ಈ ವರ್ಷದಿಂದ ಅಕ್ಷರಜೋಡಣೆಯ ವೆಚ್ಚದಲ್ಲಿ ಒಂದು ಪಾಲನ್ನು ನಾವು ಬಳಸುವ ಮುಕ್ತ ತಂತ್ರಾಂಶಗಳಿಗೆ ಕಳುಹಿಸಲು ನಿರ್ಧರಿಸಿದೆ, ಮೊದಲ ಕಂತು ಹಾರ್ಫ್‌ಬಝ್‌ಗೆ ಸೇರಬೇಕೆಂಬುದು ನನ್ನ ಇಚ್ಛೆ. ಸಂಪಾದಕೀಯದ ಆ ತಪ್ಪು ವಾಕ್ಯದ ತಿದ್ದುಪಡಿಯನ್ನು ಇದೇ ಸಂಚಿಕೆಯಲ್ಲಿ ಪ್ರಕಟಿಸಿದ್ದೇವೆ.

ವಿಶ್ವಾಸದಿಂದ,
ಸಂಪಾದಕ